ಮೂರು ವೆಬ್‌ಸೈಟು, ಒಂದು ಬಕೆಟ್ ಕೋಕಂ

ಗೋವಾದ ಪರ್ವರಿಯ ದೇವಲಪ್ಪ ಯಾವ ಮಾತನ್ನೂ ಮೂರು ಕಡೆ ವಿಚಾರಿಸದೆ ನಂಬುವವನಲ್ಲ. ಬೆಳಗಾಯಿತೆಂದು ಹೆಂಡತಿ ಕೂಗಿದರೆ ಸಾಲದು. ಗಡಿಯಾರ, ಮೊಬೈಲು, ಪಕ್ಕದ ಮನೆಯ ಕೋಳಿ ಮೂವರೂ ಒಪ್ಪಬೇಕು, ಆಮೇಲೇ ಹಾಸಿಗೆ ಬಿಡುತ್ತಿದ್ದ! ಅವನ ತನಿಖೆ ಮುಗಿಯುವವರೆಗೆ ಸೂರ್ಯನೂ ಗುಡ್ಡದಾಚೆ ಕಾಯುತ್ತಾನೆಂದು ಓಣಿಯಲ್ಲಿ ಪ್ರತೀತಿ. ಹೆಂಡತಿ ಮಂಗಿಬಾಯಿ ಹೊಲಿದ ಕನ್ನಡಿ ಕಸೂತಿಯ ಚೀಲಗಳನ್ನು ಕಲಂಗುಟ್ ದಂಡೆಯಲ್ಲಿ ಮಾರುವಾಗ ಮಾತ್ರ ಈ ನಿಯಮಕ್ಕೆ ರಜೆ. ಅಲ್ಲಿ ಅವನು ಕೇಳುವವನಲ್ಲ, ಹೇಳುವವನು.

ಇಂಥ ಮಹಾಪುರುಷನ ಕೈಯಿಂದ ಒಂದು ಸಂಜೆ ಚಹಾ ಚೆಲ್ಲಿತು. ಚೆಲ್ಲಿದ್ದಾದರೂ ಎಲ್ಲಿ? ಮಂಗಿಬಾಯಿ ಮೂರು ತಿಂಗಳು ಕಣ್ಣು ಸವೆಸಿ ಹೊಲಿದ, ಗೋಡೆಗೆ ತೂಗುವ ಕಸೂತಿಯ ಮೇಲೆ! ಮರುದಿನ ಸಂಜೆ ಪಣಜಿಯ ಅಂಗಡಿಯೊಡತಿ ಸಿಮ್ರನ ಅದನ್ನು ನೋಡಲು ಬರುವವಳಿದ್ದಳು. ಒಪ್ಪಿದರೆ ಮನೆಯಲ್ಲೇ ಕೂತು ಮಾಡುವ ಕೆಲಸ. ಮಂಗಿಬಾಯಿ ಇನ್ನು ಗಂಡನ ಜೊತೆ ಸುಡುವ ಮರಳಲ್ಲಿ ಗಂಟು ಹೊತ್ತು ತಿರುಗಬೇಕಿಲ್ಲ, ಪೊಲೀಸರನ್ನು ಕಂಡು ಓಡಬೇಕಿಲ್ಲ.

"ಬಾಜೂ ಮನಿ ಪರ್ವೀನ ಲಾಂಡ್ರಿಯೊಳಗ ದುಡದಾಳ. ಆಕಿನ್ನ ಕೇಳ್ತೇನಿ," ಎಂದಳು ಮಂಗಿಬಾಯಿ.

"ಪರ್ವೀನ ಏನು ವೆಬ್‌ಸೈಟಾ? ಆಕಿ ಒಬ್ಬಾಕಿ. ನನಗ ಮೂರು ಬೇಕು!" ದೇವಲಪ್ಪ ಗದೆ ಎತ್ತಿದಂತೆ ಮೊಬೈಲೆತ್ತಿದ. "ಸಂಶೋಧನೆ ಅಂದ್ರ ಏನಂತ ತೋರಸ್ತೇನಿ ನೋಡು!"

ಒಂಬತ್ತನೆಯ ತರಗತಿಯ ಮಗಳು ವಿದ್ಯಾ ಪಕ್ಕದಲ್ಲಿ ಕೂತು ಇಂಗ್ಲಿಷನ್ನು ಕನ್ನಡ ಮಾಡಿ ಹೇಳಿದಳು. ಮೊದಲು ಸಿಕ್ಕಿದ್ದು ಯಾವುದೋ ವಸ್ತುಸಂಗ್ರಹಾಲಯದ್ದು. "ನೀರು ಹಚ್ಚಬ್ಯಾಡ್ರಿ, ತಿಳದವ್ರಿಗೆ ತೋರಸ್ರಿ ಅಂತೈತಿ ಅಪ್ಪಾ. ಬರದವ್ರ ಹೆಸರು, ಫೋನ್ ನಂಬರು, ವಿಳಾಸ ಎಲ್ಲಾ ಐತಿ."

"ಬಿಡು ಅದನ್ನ! ಒಂದು ಫೋಟೊ ಇಲ್ಲ, ಬಣ್ಣ ಇಲ್ಲ. ಮ್ಯಾಲೆ ವಿಳಾಸ ಬ್ಯಾರೆ! ಮಾಲಿನ ಮ್ಯಾಲೆ ಭರೋಸಾ ಇದ್ದಾಂವ ವಿಳಾಸ ಯಾಕ ಕೊಡ್ತಾನ? ನಾವು ಎಂದರ ಗಿರಾಕಿಗೆ ಕೊಟ್ಟೇವೇನು?"

ಮುಂದಿನದು ಥಳಥಳಿಸುತ್ತಿತ್ತು. ತೆಂಗಿನ ಮರ, ಸೂರ್ಯಾಸ್ತ, ಸಾವಿರಾರು ಕೆಂಪು ಹೃದಯಗಳು! ಕಸೂತಿ ಬಟ್ಟೆಯನ್ನು ಕೋಕಂ ಹಣ್ಣಿನ ಹುಳಿ ರಸದಲ್ಲಿ ಅರ್ಧ ದಿನ ನೆನೆಸಿದರೆ ಹೊಸದಕ್ಕಿಂತ ಹೊಸದಾಗುವುದಂತೆ. ಅದರ ಮುಂದಿನದೂ ಅದನ್ನೇ ಹೇಳಿತು. ಅದರಾಚೆಯದೂ ಅದನ್ನೇ, ಅದೇ ಸೂರ್ಯಾಸ್ತದ ಕೆಳಗೆ.

"ಅಪ್ಪಾ, ಇವು ಒಂದನ್ನೊಂದು ನೋಡಿ ಕಾಪಿ ಹೊಡದಾವ. ನಮ್ಮ ಕ್ಲಾಸಿನಾಗ ಆಗಿದ್ರ ಮೂವರನ್ನೂ ಹೊರಗ ನಿಲ್ಲಸ್ತಿದ್ರು."

"ಮೂರು ಮಂದಿ ಒಂದ ಮಾತು ಹೇಳಿದ್ರ ಅದು ಕಾಪಿ ಅಲ್ಲವ್ವಾ, ಖರೇ!"

ಮರುದಿನ ಮಂಗಿಬಾಯಿ ದಂಡೆಗೆ ಹೋದದ್ದೇ ತಡ, ಕಸೂತಿಗೆ ಬಕೆಟ್ಟಿನಲ್ಲಿ ಕೋಕಂ ಅಭಿಷೇಕವಾಯಿತು. ಮಧ್ಯಾಹ್ನ ಎತ್ತಿ ನೋಡಿದರೆ, ಅಯ್ಯಯ್ಯೋ! ಕೆಂಪು ಹಳದಿಯ ಮೇಲೆ ದಂಡೆತ್ತಿ ಹೋಗಿತ್ತು, ನೀಲಿ ಶರಣಾಗಿತ್ತು, ಕನ್ನಡಿಗಳ ಕಣ್ಣಿಗೆ ಪೊರೆ ಬಂದಿತ್ತು. ಚಹಾದ ಕಲೆಯೊಂದೇ ಅಚಲವಾಗಿ ನಿಂತಿತ್ತು!

ಸಂಜೆ ಸಿಮ್ರನ ಬಂದಳು, ನೋಡಿದಳು, "ಇನ್ನೊಂದು ಹೊಲಿದ ಮೇಲೆ ಹೇಳಿ" ಎಂದು ಹೋದಳು. ಮಂಗಿಬಾಯಿ ನಾಳೆಯ ಚೀಲಗಳ ಗಂಟು ಕಟ್ಟತೊಡಗಿದಳು. ಬೈದಿದ್ದರೆ ದೇವಲಪ್ಪ ತಡೆದುಕೊಳ್ಳುತ್ತಿದ್ದ. ಆ ಗಂಟನ್ನು ನೋಡಿ ತಡೆದುಕೊಳ್ಳಲಾಗಲಿಲ್ಲ.

"ಯಾರದು ಇದನ್ನ ಹಬ್ಬಿಸಿದ್ದು?" ಅವನು ಗುಡುಗಿದ. "ಬಡವ್ರ ಹೊಟ್ಟಿ ಮ್ಯಾಲೆ ಹೊಡಿಯೋ ಸುಳ್ಳಬುರಕ! ಅಂಥವನ್ನ ಮರಳಾಗ ಕುತ್ತಿಗಿ ಮಟ ಹುಗೀಬೇಕು! ವಿದ್ಯಾ, ಹುಡುಕು ಅವನ್ನ!"

ವಿದ್ಯಾ ಹುಡುಕಿದಳು. ಎಲ್ಲಕ್ಕಿಂತ ಹಳೆಯ ಬರಹ ಒಬ್ಬ ಪ್ರವಾಸಿ ಹೆಂಗಸಿನದು. ಅದರ ತಳದಲ್ಲಿದ್ದುದನ್ನು ಓದಿದಳು: "ಈ ಗುಟ್ಟನ್ನ ನನಗ ಹೇಳಿದವ್ರು ಕಲಂಗುಟ್ ದಂಡಿಯ ಹಿರಿಯ ಕಲಾಜ್ಞಾನಿ ಅಂತ ಬರದಾಳ. ಅವ್ರ ಫೋಟೊನೂ ಐತಿ."

ಫೋಟೊದಲ್ಲಿ ಹಿರಿಯ ಕಲಾಜ್ಞಾನಿ ಹಳದಿ ಟೋಪಿ ಹಾಕಿಕೊಂಡು, ಎರಡೂ ಹೆಗಲಿಗೆ ಚೀಲಗಳನ್ನು ತೂಗಿಕೊಂಡು ಹಲ್ಲು ಬಿಟ್ಟಿದ್ದ. ಅದೇ ಟೋಪಿ ಈಗ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು.

ಮಂಗಿಬಾಯಿ ಟೋಪಿಯನ್ನು ನೋಡಿದಳು. ಗಂಡನನ್ನು ನೋಡಿದಳು.

"ಕೋಕಂ ರಸದ ಮಾತು ಆಕಿಗೆ ಯಾಕ ಹೇಳಿದ್ರಿ?"

"ಚೀಲದ ಬಣ್ಣ ಬಿಡತೈತೇನು ಅಂತ ಕೇಳಿದ್ಲು," ಎಂದ ದೇವಲಪ್ಪ.