ಹಮೀದ್ ಹಗ್ಗ ಬಿಚ್ಚಿದ ಶನಿವಾರ

ಮನೆ ಎಂಬುದು ನಿಂತಲ್ಲಿ ನಿಂತಿರಬೇಕಾದ ವಸ್ತು ಎಂದು ಬಹಳ ಕಾಲ ಗಟ್ಟಿಯಾಗಿ ನಂಬಿದ್ದವನು ನಾನು. ಮನುಷ್ಯ ಹಗಲೆಲ್ಲ ಎಲ್ಲಿ ಬೇಕಾದರೂ ಅಲೆಯಲಿ, ಸಂಜೆ ಬರುವಾಗ ಮನೆ ಬೆಳಿಗ್ಗೆ ಬಿಟ್ಟುಹೋದ ಜಾಗದಲ್ಲೇ ಇರಬೇಕು. ಅಷ್ಟನ್ನೂ ಮಾಡಲಾರದ್ದನ್ನು ಮನೆ ಎಂದು ಯಾಕೆ ಕರೆಯಬೇಕು? ಇಂಥ ನಂಬಿಕೆಯ ನಾನೇ ಕಳೆದ ವರ್ಷದಿಂದ ದುಬೈಯಲ್ಲಿ ಒಂದು ಬೋಟಿನೊಳಗೆ ಸಂಸಾರ ಹೂಡಿದ್ದೇನೆ. ಮಂಗಳೂರಿನ ಕಡೆಯವನಾದ್ದರಿಂದ ನೀರು ನನಗೆ ಹೊಸದಲ್ಲ ಎಂದು ನೀವು ತಿಳಿದರೆ ತಪ್ಪು. ನನಗೆ ಈಜು ಬರುವುದಿಲ್ಲ. ಸಮುದ್ರದೊಡನೆ ನನ್ನ ಸಂಬಂಧವೇನಿದ್ದರೂ ಮೀನು ಬಾಣಲೆಗೆ ಬಂದ ನಂತರದ್ದು.

ಆದದ್ದಿಷ್ಟು. ನಾನು ಮತ್ತು ಹೆಂಡತಿ ಲವೀನಾ ಸತ್ವಾ ಎಂಬ ಬಡಾವಣೆಯ ಒಂದು ಹಳೆಯ ವಿಲ್ಲಾದಲ್ಲಿ ಮೂರು ಸಂಸಾರಗಳ ಜೊತೆ ಒಂದೇ ಅಡುಗೆಮನೆ ಹಂಚಿಕೊಂಡು ಬಹುಕಾಲ ಇದ್ದೆವು. ಆ ವಿಲ್ಲಾವನ್ನು ಕೆಡವುತ್ತಾರೆ, ಖಾಲಿ ಮಾಡಿ ಎಂದು ಹೇಳಿದ ಹೊತ್ತಿಗೆ ಸರಿಯಾಗಿ, ನಾನು ಕೆಲಸ ಮಾಡುವ ಆಸ್ಪತ್ರೆಯ ವಿದೇಶಿ ಡಾಕ್ಟರೊಬ್ಬರು ಉದ್ದನೆಯ ರಜೆ ಹಾಕಿ ತಮ್ಮ ಊರಿಗೆ ಹೊರಟಿದ್ದರು. ಅವರದೊಂದು ಹಳೆಯ ಬೋಟು ಕ್ರೀಕಿನ, ಅಂದರೆ ಊರೊಳಗೆ ಚಾಚಿದ ಸಮುದ್ರದ ಕಾಲುವೆಯ, ಒಂದು ಸಣ್ಣ ಹಾರ್ಬರಿನಲ್ಲಿತ್ತು. "ನಾನು ಬರುವವರೆಗೆ ನೀವೇ ಅದರಲ್ಲಿದ್ದು ನೋಡಿಕೊಳ್ಳಿ" ಎಂದರು. ನಾನು ಯೋಚಿಸಿ ಹೇಳುತ್ತೇನೆ ಎನ್ನುವುದರೊಳಗೆ ಲವೀನಾ "ಆಯ್ತು ಡಾಕ್ಟ್ರೇ" ಎಂದಾಗಿತ್ತು. ಹೋಗುವ ಮೊದಲು ಡಾಕ್ಟರು ಬೋಟಿನ ಎಂಜಿನ್ ಬಿಚ್ಚಿಸಿ ರಾಸ್ ಅಲ್ ಖೋರ್‌ನ ಒಂದು ವರ್ಕ್‌ಶಾಪಿಗೆ ರಿಪೇರಿಗೆ ಕೊಟ್ಟಿದ್ದರು. ನಾನು ಆಗಾಗ ಫೋನು ಮಾಡಿ ವಿಚಾರಿಸುತ್ತೇನೆ. ಅಲ್ಲಿಯವನು ಪ್ರತಿಸಲವೂ ಅಷ್ಟೇ ಪ್ರೀತಿಯಿಂದ "ಬುಕ್ರಾ, ನಾಳೆ" ಎನ್ನುತ್ತಾನೆ. ನಾನೂ ಅಷ್ಟೇ ಪ್ರೀತಿಯಿಂದ ಸರಿ ಎನ್ನುತ್ತೇನೆ. ಎಂಜಿನ್ ಇಲ್ಲದ ಬೋಟು ಎಲ್ಲಿಗೂ ಹೋಗಲಾರದು ಎಂಬ ಧೈರ್ಯದ ಮೇಲೆಯೇ ನಾನು ಅದರಲ್ಲಿ ನಿದ್ದೆ ಮಾಡುತ್ತಿದ್ದದ್ದು.

ಬೋಟಿನ ಸಂಸಾರ ನೀವು ಅಂದುಕೊಂಡಷ್ಟು ಕಷ್ಟವೂ ಅಲ್ಲ, ನಾನು ಫೋನಿನಲ್ಲಿ ಹೇಳಿಕೊಳ್ಳುವಷ್ಟು ಸುಖವೂ ಅಲ್ಲ. ಮೊದಲ ತಿಂಗಳು ತಲೆ ಬಡಿಯದ ಜಾಗವಿರಲಿಲ್ಲ. ಈಗ ಆಸ್ಪತ್ರೆಯ ದೊಡ್ಡ ಬಾಗಿಲುಗಳಲ್ಲೂ ಬಗ್ಗಿ ಹೋಗುತ್ತೇನೆ, ಜನ ಇವನೆಷ್ಟು ವಿನಯವಂತ ಎಂದುಕೊಳ್ಳುತ್ತಾರೆ. ದಿನಸಿ ತರುವವನು ಫೋನು ಮಾಡಿ ಬಿಲ್ಡಿಂಗ್ ಯಾವುದು ಎಂದು ಕೇಳುತ್ತಾನೆ. ಬೋಟು ಎಂದರೆ, "ಅದು ಸರಿ ಸಾಬ್, ಎಷ್ಟನೇ ಫ್ಲೋರ್?" ಎನ್ನುತ್ತಾನೆ. ಲವೀನಾ ಬೋಟಿನ ಮುಂದಿನ ಕಟ್ಟೆಯ ಮೇಲೆ ಟಬ್ಬಿನಲ್ಲಿ ಬಸಳೆ ನೆಟ್ಟಳು. ಅದು ಕಂಬಿಯುದ್ದಕ್ಕೂ ಹಬ್ಬಿ, ದೂರದಿಂದ ನೋಡಿದರೆ ನಮ್ಮ ಬೋಟು ತೇಲುವ ಚಪ್ಪರದಂತೆ ಕಾಣುತ್ತಿತ್ತು. ಊರಿನಲ್ಲಂತೂ ಎರಡು ಸುದ್ದಿ. ವಾಲ್ಟರ್ ದುಬೈಯಲ್ಲಿ ಹಡಗು ತೆಗೆದುಕೊಂಡನಂತೆ ಎಂದು ನನ್ನವರು, ಪಾಪ, ಅಳಿಯನಿಗೆ ಇರಲು ಮನೆಯಿಲ್ಲವಂತೆ ಎಂದು ಲವೀನಾಳ ಕಡೆಯವರು.

ನಿಜವಾದ ಕಷ್ಟವೆಂದರೆ ನೆಂಟರು, ಸ್ನೇಹಿತರು. ಸತ್ವಾದಲ್ಲಿದ್ದಾಗ ನಮ್ಮ ಬಾಗಿಲು ತಟ್ಟುತ್ತಿದ್ದದ್ದು ನೀರಿನ ಪಂಪು ಕೆಟ್ಟಾಗ ಪಕ್ಕದ ಕೋಣೆಯವರು ಮಾತ್ರ. ಬೋಟಿಗೆ ಬಂದದ್ದೇ ತಡ, ನನಗೆ ಇಷ್ಟು ಮಂದಿ ಆಪ್ತರಿದ್ದಾರೆ ಎಂಬುದು ಗೊತ್ತಾಯಿತು. ಬಂದವರಿಗೆಲ್ಲ ಮೊದಲು ಶೂ ಬಿಚ್ಚಿಸಬೇಕು. ನಂತರ ಕಕ್ಕಸಿನ ಬಗ್ಗೆ ಒಂದು ಸಣ್ಣ ಉಪನ್ಯಾಸ ಕೊಡಬೇಕು, ಯಾಕೆಂದರೆ ಅದರಲ್ಲೊಂದು ಕೈಪಂಪು ಇದೆ, ಅದನ್ನು ಹೊಡೆಯದೆ ಹೊರಬರುವಂತಿಲ್ಲ. ಮನೆಗೆ ಬಂದ ಅತಿಥಿಗೆ ಶರಬತ್ತಿಗಿಂತ ಮೊದಲು ಈ ವಿಷಯ ಹೇಳುವುದು ಹೇಗೆ ಎಂಬುದು ನನಗೆ ಇಂದಿಗೂ ಬಗೆಹರಿದಿಲ್ಲ. ಇಷ್ಟೆಲ್ಲ ಆಗಿ, ಊಟವೂ ಮುಗಿದು, ಬಂದವರು ಕೈ ಒರೆಸಿಕೊಳ್ಳುತ್ತ ಕೇಳುವ ಪ್ರಶ್ನೆ ಒಂದೇ: "ಒಂದು ರೌಂಡ್ ಹೋಗುವನಾ?" ನಾನು ಆಕಾಶ ನೋಡಿ, ಒಂದು ಬೆರಳನ್ನು ಗಾಳಿಗೆ ಹಿಡಿದು, "ಇವತ್ತು ಗಾಳಿ ಸರಿ ಇಲ್ಲ" ಎನ್ನುತ್ತಿದ್ದೆ. ಎಂಜಿನ್ ಇಲ್ಲ ಎಂದರೆ ಕೇಳಿದವರಿಗೆ ಬೇಸರ, ಹೇಳಿದವನಿಗೆ ಅವಮಾನ. ಗಾಳಿಗೆ ಏನು ಹೇಳಿದರೂ ಬೇಸರವಿಲ್ಲ.

ಹಮೀದನ ಹತ್ತಿರ ಮಾತ್ರ ಈ ಗಾಳಿ ನಡೆಯಲಿಲ್ಲ. ಅವನು ಉಳ್ಳಾಲದವನು, ನೈಫ್ ಬಜಾರಿನಲ್ಲಿ ಅತ್ತರಿನ ಸಣ್ಣ ಅಂಗಡಿ ಇಟ್ಟಿದ್ದಾನೆ. ನಾನು ದುಬೈಗೆ ಬಂದ ಹೊಸತರಲ್ಲಿ ಅವನ ಕೋಣೆಯಲ್ಲೇ ಇದ್ದವನು. ಒಂದು ಶನಿವಾರ ಬೆಳಿಗ್ಗೆ ಅವನ ಫೋನು ಬಂತು.

"ವಾಲ್ಟರ್, ಉಮ್ಮ ನಾಳೆ ಊರಿಗೆ ಹೋಗ್ತಾರೆ ಮಾರಾಯ. ಬಂದು ಇಷ್ಟು ದಿನ ಆಯ್ತು, ಫ್ಲ್ಯಾಟು, ಸೂಪರ್ ಮಾರ್ಕೆಟು, ಫ್ಲ್ಯಾಟು. ಎಂತ ಬೇಕು ಉಮ್ಮಾ ಅಂತ ಕೇಳಿದ್ರೆ ಒಂದೇ ಮಾತು. ಒಂದು ಸಲ ಬೋಟಿನಲ್ಲಿ ಕೂತು ನೀರಿನ ಮೇಲೆ ಹೋಗ್ಬೇಕಂತೆ."

"ಉಳ್ಳಾಲದಲ್ಲಿದ್ದು ಬೋಟು ಹತ್ತಲಿಲ್ವಾ?"

"ಇಲ್ಲ ಮಾರಾಯ. ಬಾಪ ಬಂದರಿನಲ್ಲಿ ಮಂಜಿ ಹಡಗಿಗೆ ಮೂಟೆ ಹೊರ್ತಿದ್ದದ್ದು. ಉಮ್ಮ ದಿನಾ ಬುತ್ತಿ ಕೊಂಡುಹೋಗ್ತಿದ್ರು, ದಡದಲ್ಲಿ ಕೊಟ್ಟು ಬರುದು ಅಷ್ಟೇ. ಮಂಜಿಗೆ ಹೆಂಗಸರನ್ನು ಹತ್ತಿಸ್ತಿರ್ಲಿಲ್ಲ. ಈಗ ನನ್ನ ದೋಸ್ತಿಗೇ ಬೋಟು ಉಂಟಲ್ಲ! ನಾವು ಮಧ್ಯಾಹ್ನ ಬರ್ತೇವೆ."

ಇಂಥ ಮಾತಿಗೆ ಯಾರು ತಾನೇ ಎಂಜಿನ್ನಿನ ಸುದ್ದಿ ಎತ್ತುತ್ತಾರೆ? "ಬನ್ನಿ, ಗಾಳಿ ನೋಡುವ" ಎಂದೆ. ಫೋನಿಟ್ಟ ಮೇಲೆ ಲವೀನಾ ನನ್ನನ್ನೇ ನೋಡುತ್ತಿದ್ದಳು. "ಬಂದ ಕೂಡ್ಲೆ ಸತ್ಯ ಹೇಳಿಬಿಡಿ. ಪ್ರಾಯದವರಿಗೆ ಆಸೆ ತೋರಿಸಿ ಮೋಸ ಮಾಡ್ಬಾರದು" ಎಂದಳು. ಹೇಳುತ್ತೇನೆ ಎಂದು ನಾನೂ ನಿಶ್ಚಯ ಮಾಡಿದೆ, ಊಟದ ನಂತರ.

ಬಂದವರು ನಾಲ್ಕು ಮಂದಿ: ಹಮೀದ್, ಅವನ ಹೆಂಡತಿ ಜೊಹರಾ, ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಉತ್ತರ ಕೊಡದ ಮಗಳು ಸಫಾ, ಮತ್ತು ಅವನ ತಾಯಿ, ಉಮ್ಮ. ಉಮ್ಮ ಹತ್ತಿಯ ಹಾಗೆ ಹಗುರವಾದ ಹೆಂಗಸು. ಹಲಗೆಯ ಮೇಲೆ ನಡೆದು ಬರುವಾಗ ಯಾರ ಕೈಯನ್ನೂ ಹಿಡಿಯಲಿಲ್ಲ. ಮುಂದಿನ ಕಟ್ಟೆಯಲ್ಲಿ, ಬಸಳೆಯ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದೆವು. ಶಾಲೆಯ ಮೊದಲ ದಿನದ ಮಗುವಿನ ಹಾಗೆ ಕೈಗಳನ್ನು ತೊಡೆಯ ಮೇಲಿಟ್ಟು, ಹೊಸ ಸೀರೆಯ ಸೆರಗನ್ನು ತಲೆಗೆ ಬಿಗಿಯಾಗಿ ಸುತ್ತಿ, ಅವರು ಹೊರಡಲು ತಯಾರಾಗಿ ಕೂತರು. ಅದನ್ನು ನೋಡಲಾರದೆ ನಾನು ಎದ್ದೆ. ಒಳಗೆ ಹೋಗಿ, ಸೆಕೆಯಾದೀತೆಂದು ಏಸಿ ಹಾಕಿದೆ. ನಮ್ಮ ಏಸಿ ಶುರುವಾಗುವಾಗ ಬೋಟಿಗೆ ಬೋಟೇ ಒಮ್ಮೆ ನಡುಗಿ ಗುಂಯ್ ಎನ್ನುತ್ತದೆ.

ಆ ಹೊತ್ತಿಗೆ ಹಮೀದ್ ಕಾರಿನಲ್ಲಿ ಉಳಿದಿದ್ದ ನೈಚೋರಿನ, ಅಂದರೆ ತುಪ್ಪದನ್ನದ, ಪಾತ್ರೆ ತರಲು ದಡಕ್ಕೆ ಹೋಗಿದ್ದ. ತಿರುಗಿ ಬಂದವನಿಗೆ ಈ ಗುಂಯ್ ಕೇಳಿಸಿತು. ವಾಲ್ಟರ್ ಎಂಜಿನ್ ಸ್ಟಾರ್ಟ್ ಮಾಡಿದ ಎಂದು ತಿಳಿದ. ದಿನಾ ದೋಣಿಯಲ್ಲಿ ಕ್ರೀಕ್ ದಾಟುವವನು ಅವನು. ಹೊರಡುವ ಮೊದಲು ಹಗ್ಗ ಬಿಚ್ಚಬೇಕೆಂಬುದು ಚೆನ್ನಾಗಿ ಗೊತ್ತು. ನೈಚೋರನ್ನು ಒಳಗಿಟ್ಟು, ಹಿಂದಿನ ಹಗ್ಗ ಬಿಚ್ಚಿ, ಮುಂದಿನದನ್ನೂ ಬಿಚ್ಚಿ, ಕಾಲಿನಲ್ಲಿ ದಡವನ್ನು ಒಮ್ಮೆ ಚೆನ್ನಾಗಿ ನೂಕಿ ಹಾರಿ ಬಂದ. "ಯಲ್ಲಾ, ಹೊರಡುವ!" ಎಂದು ಅವನು ಕೂಗಿದ್ದು ನನಗೆ ಕೇಳಿಸಿತು. ಊಟಕ್ಕೆ ಹೊರಡುವ ಎಂದಿರಬೇಕು ಎಂದುಕೊಂಡೆ.

ದಡದಿಂದ ಬರುವ ಕರೆಂಟಿನ ಕೇಬಲ್ಲು ಬಿಗಿಯಾಗಿ, ಫಟ್ ಎಂದು ಕಳಚಿತು. ಏಸಿ ನಿಂತಿತು. ಅದರ ಹಿಂದೆಯೇ ನೀರಿನ ಪೈಪು ಕಿತ್ತುಕೊಂಡು ದಡದ ಮೇಲೆ ಕಾರಂಜಿಯಾಯಿತು. ಆ ಮೌನದಲ್ಲಿ ಸಫಾ ಹೇಳಿದಳು, "ಅಂಕಲ್, ವಿ ಆರ್ ಮೂವಿಂಗ್."

ಕಿಟಕಿಯಲ್ಲಿ ನೋಡುತ್ತೇನೆ, ದಡ ಹೋಗುತ್ತಿದೆ! ಯಾವತ್ತೂ ಇಲ್ಲದ ಗಾಳಿ ಅವತ್ತು ಹದವಾಗಿ ಬೀಸುತ್ತಿತ್ತು. ಎದುರಿಗೆ ಒಂದು ಬೆಳ್ಳಗಿನ ದೊಡ್ಡ ಯಾಟ್ ನಿಂತಿತ್ತು. ಅದರ ಹೊಳಪಿನಲ್ಲಿ ನಮ್ಮ ಬಸಳೆ ಚಪ್ಪರ ಹತ್ತಿರ ಬರುತ್ತಿರುವುದು ಸ್ಪಷ್ಟವಾಗಿ ಕಾಣುತ್ತಿತ್ತು. ನಾನು ಓಡಿಹೋಗಿ ಸ್ಟೇರಿಂಗ್ ಹಿಡಿದೆ. ಎಡಕ್ಕೆ ತಿರುಗಿಸಿದೆ, ಬಲಕ್ಕೆ ತಿರುಗಿಸಿದೆ. ಲವೀನಾ ಸೌಟು ಹಿಡಿದುಕೊಂಡೇ ಬಂದಳು.

"ಎಂತ ಮಾಡ್ತಾ ಇದ್ದೀರಿ?"

"ಕಾಣುದಿಲ್ವಾ, ತಿರುಗಿಸ್ತಾ ಇದ್ದೇನೆ!"

"ಎಂಜಿನ್ ರಾಸ್ ಅಲ್ ಖೋರ್‌ನಲ್ಲಿ ಉಂಟಲ್ಲ!"

"ಮೆಲ್ಲ ಹೇಳು! ಉಮ್ಮನಿಗೆ ಕೇಳ್ತದೆ."

"ಹಾಗಾದ್ರೆ ಲಂಗರು ಹಾಕಿ!"

ಲಂಗರು ಎಲ್ಲಿದೆಯೆಂದು ನನಗೆ ಗೊತ್ತಿತ್ತು. ಅದರ ಮುಚ್ಚಳದ ಮೇಲೆಯೇ ಬಸಳೆಯ ಟಬ್ಬು, ಟಬ್ಬಿಗೆ ತಂತಿ ಕಟ್ಟಿದ ಕಂಬಿ, ಕಂಬಿಯ ಪಕ್ಕ ಉಮ್ಮನ ಕುರ್ಚಿ, ಕುರ್ಚಿಯಲ್ಲಿ ಉಮ್ಮ. ಸ್ಟೇರಿಂಗ್ ಹಿಡಿದು ನಿಂತವನ ಕಣ್ಣ ಮುಂದೆ ಎಲ್ಲವೂ ಬಂದುಹೋಯಿತು. ಯಾಟಿಗೆ ಗೀರು ಬಿದ್ದರೆ ಹಾರ್ಬರಿನವರು ನಮ್ಮನ್ನು ಹೊರಹಾಕುತ್ತಾರೆ, ಡಾಕ್ಟರಿಗೆ ಮುಖ ತೋರಿಸುವುದು ಹೇಗೆ, ಎಲ್ಲಕ್ಕಿಂತ ಹೆಚ್ಚಾಗಿ ನಾಳೆ ಊರಿಗೆ ಹೋಗಬೇಕಾದ ಆ ಹಿರಿಯ ಜೀವ ನೀರಿಗೆ ಬಿದ್ದರೆ? ಹಮೀದ್ ಮಾತ್ರ ಹಿಂದೆ ನಿಂತು, "ಎಂಜಿನ್ ಸೌಂಡೇ ಇಲ್ಲ ಮಾರಾಯ, ಜಪಾನಿದ್ದಾ?" ಎಂದು ಕೇಳುತ್ತಿದ್ದ.

ಆಗ "ಕುಯ್ಯಾ! ಕುಯ್ಯಾ!" ಎಂದು ಒಂದು ಧ್ವನಿ. ನಮ್ಮ ಆಚೆಯ ಬೋಟಿನಲ್ಲಿ ಒಬ್ಬಳೇ ಇರುವ ಫಿಲಿಪಿನೋ ಹೆಂಗಸು ಮಾರಿಸೆಲ್. ಅವರ ಭಾಷೆಯಲ್ಲಿ ಕುಯ್ಯಾ ಎಂದರೆ ಅಣ್ಣ. ಯಾವುದೋ ಹೋಟೆಲಿನಲ್ಲಿ ಕೇಕು ಮಾಡುವವಳು, ಅವತ್ತು ರಜೆ. ತನ್ನ ಪುಟ್ಟ ರಬ್ಬರ್ ದೋಣಿಯಲ್ಲಿ ಪುರ್ರೆಂದು ಬಂದಳು. ಹಮೀದ್ ತಾನು ಬಿಚ್ಚಿದ ಹಗ್ಗವನ್ನು ತಾನೇ ಅವಳಿಗೆ ಎಸೆದ. ಯಾಟಿಗೂ ನಮಗೂ ನಡುವೆ ಒಂದು ಮೊಳ ಉಳಿದಿರುವಾಗ ನಮ್ಮ ಬೋಟು ಒಲ್ಲದ ಮನಸ್ಸಿನಿಂದ ಮೂತಿ ತಿರುಗಿಸಿತು. ಬಸಳೆಯ ಒಂದು ಕುಡಿ ಮಾತ್ರ ಯಾಟಿನ ಗಾಜನ್ನು ಮೆಲ್ಲಗೆ ಸವರಿ ಬಂತು. ನಾನು ಬಿಟ್ಟ ಉಸಿರಿಗೆ ಎಂಜಿನ್ ಇಲ್ಲದೆಯೇ ಬೋಟು ಅಬುಧಾಬಿ ಮುಟ್ಟಬಹುದಿತ್ತು.

"ಇಲ್ಲಿ ತಿರುಗಿಸಲು ಜಾಗವಿಲ್ಲ, ಹೊರಗೆ ಹೋಗಿ ತಿರುಗಿಸಿಕೊಂಡು ಬರೋಣ" ಎಂದು ಮಾರಿಸೆಲ್ ಕೈ ಮಾಡಿ ತೋರಿಸಿದಳು. ಹೀಗಾಗಿ ನಾವು ಹಾರ್ಬರಿನ ಬಾಯಿ ದಾಟಿ ಕ್ರೀಕಿಗೆ ಬಂದೆವು. ನೀರು ಅಗಲವಾಯಿತು. ದೂರದಲ್ಲಿ ಎತ್ತರದ ಕಟ್ಟಡಗಳು ಬಿಸಿಲಿಗೆ ಬೆಳ್ಳಗೆ ನಿಂತಿದ್ದವು. ಉಮ್ಮ ಅವುಗಳ ಕಡೆ ನೋಡಲೇ ಇಲ್ಲ. ಆಚೆ ದಡದಲ್ಲಿ ರಿಪೇರಿಗೆ ಬಂದ ಮರದ ಹಡಗುಗಳು ಸಾಲಾಗಿದ್ದವು, ನಮ್ಮ ಬಂದರಿನ ಮಂಜಿಗಳ ಹಾಗೆಯೇ ಹೊಟ್ಟೆ ಉಬ್ಬಿದವು. ಉಮ್ಮ ಕುರ್ಚಿಯಿಂದ ಎದ್ದು ಕಂಬಿ ಹಿಡಿದು ನಿಂತರು.

"ನೀರಿನ ಕಡೆಯಿಂದ ನೋಡಿದ್ರೆ ಇಷ್ಟು ಚಂದ ಕಾಣ್ತದಾ ದಡ?" ಎಂದರು. ಸೆರಗು ಸರಿಮಾಡಿಕೊಂಡು, "ನಾನು ದಡದಲ್ಲಿ ಬುತ್ತಿ ಹಿಡ್ಕೊಂಡು ನಿಂತದ್ದು ಅವರಿಗೆ ಇಲ್ಲಿಂದ ಹೀಗೆ ಕಾಣ್ತಿತ್ತೋ ಏನೋ" ಎಂದರು. ಸಫಾ ಅಜ್ಜಿಯ ಕೈ ಹಿಡಿದುಕೊಂಡಳು. ಜೊಹರಾ ಮುಖ ಆಚೆ ತಿರುಗಿಸಿದಳು.

ಮಾರಿಸೆಲ್ ನಮ್ಮನ್ನು ಎಳೆದು ತಂದು ಮೊದಲಿನ ಜಾಗದಲ್ಲೇ ಕಟ್ಟಿದಳು. ಹಾರ್ಬರಿನ ಸೆಕ್ಯೂರಿಟಿಯವನು ಕಾರಂಜಿ ನಿಲ್ಲಿಸಿ, ಒದ್ದೆಯಾಗಿ ಕಾಯುತ್ತಿದ್ದ. ಈಗ ಗ್ರಹಚಾರ ಬಿಡಿಸುತ್ತಾನೆ ಎಂದುಕೊಂಡೆ. ಅವನು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಮುಂದಿನ ಸಲ ಹೇಳಿ ಹೋಗಿ ಸಾಬ್. ಆದ್ರೂ ಫುಲ್ ಸೇಫ್ಟಿ, ಗುಡ್" ಎಂದು ಹೊರಟುಹೋದ. ಅಷ್ಟೇ! ಯಾರಿಗೂ ಏನೂ ಆಗಲಿಲ್ಲ, ಯಾವುದಕ್ಕೂ ಗೀರು ಬೀಳಲಿಲ್ಲ. ಅವನು ಅತ್ತ ಹೋದದ್ದೇ ನನ್ನ ಬಾಯಿಗೆ ಜೀವ ಬಂತು.

ಊಟಕ್ಕೆ ಮಾರಿಸೆಲಳನ್ನೂ ಕೂರಿಸಿದೆವು. ಗರಿಗರಿ ಇರಬೇಕಾದ ನಮ್ಮ ಅಕ್ಕಿ ರೊಟ್ಟಿ ಬೋಟಿನ ಹವೆಗೆ ಚಪಾತಿಯ ಹಾಗೆ ಮೆತ್ತಗಾಗಿತ್ತು, ಕೋಳಿ ಸಾರಿನಲ್ಲಿ ಯಾರಿಗೂ ಅದು ಗೊತ್ತಾಗಲಿಲ್ಲ. ನಾನು ನಡುವೆ ಕೂತು ಮಾತಾಡಿದೆ. ಗಾಳಿಯನ್ನು ಹೇಗೆ ನಂಬಬೇಕು, ನೀರನ್ನು ಹೇಗೆ ಓದಬೇಕು, ಕಷ್ಟಕಾಲದಲ್ಲಿ ಮುಖ್ಯವಾಗಿ ಬೇಕಾದದ್ದು ತಣ್ಣಗಿನ ತಲೆ, ಸಮುದ್ರಕ್ಕೆ ಹೆದರುವವನು ಸಮುದ್ರದ ಹತ್ತಿರ ಇರಲೇಬಾರದು. ಎಲ್ಲರೂ ತಲೆ ತಗ್ಗಿಸಿ ಬಹಳ ಗಮನವಿಟ್ಟು ಕೇಳಿದರು. ಸಫಾಳಿಗೆ ಮಾತ್ರ ಯಾಕೋ ಬಿಕ್ಕಳಿಕೆ ಹಿಡಿಯಿತು. ನನಗೂ ಊಟ ಸ್ವಲ್ಪ ಹೆಚ್ಚಾಯಿತೋ ಏನೋ, ಎದೆ ಬಿಗಿದ ಹಾಗೆ, ಕೈ ಸರಿಯಾಗಿ ತಟ್ಟೆಗೆ ಎಟುಕದ ಹಾಗೆ. ಎಂಜಿನ್ನಿನ ವಿಷಯ ಹೇಳಲು ಬಾಯಿ ತೆರೆದಾಗ ಉಮ್ಮನೇ, "ಅಲ್ಲಾಡದ ಹಾಗೆ ಕೊಂಡುಹೋದಿ ಮಗಾ. ದೇವರು ಒಳ್ಳೇದು ಮಾಡ್ಲಿ" ಎಂದುಬಿಟ್ಟರು. ನಾನು ಬಾಯಿಗೆ ಇನ್ನೊಂದು ತುತ್ತು ಇಟ್ಟುಕೊಂಡೆ.

ಅವರನ್ನು ಕಾರಿನವರೆಗೆ ಬಿಟ್ಟು, ಬರುವಾಗ ಸೂಪರ್ ಮಾರ್ಕೆಟಿಗೂ ಹೋಗಿ ಹಾಲು ತಂದೆ. ಸಾಲಿನಲ್ಲಿದ್ದವರು ನನಗೆ ದಾರಿ ಬಿಟ್ಟರು, ಕೌಂಟರಿನ ಹುಡುಗಿ ಮೊದಲು ನನ್ನ ಬಿಲ್ ಮಾಡಿದಳು. ಬೋಟಿನವರಿಗೆ ಒಂದು ಮರ್ಯಾದೆ ಇದೆ ನೋಡು ಎಂದು ಲವೀನಾಳಿಗೆ ಹೇಳಿದೆ. ಅವಳು ಹಾಲು ತೆಗೆದುಕೊಂಡು, ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಇನ್ನಾದ್ರೂ ಬಿಚ್ಚಿ ಅದನ್ನು. ಉಮ್ಮ ಎಲ್ಲರಿಗೂ ಹೇಳಿದ್ರು, ಯಾರೂ ನಗಾಡ್ಬೇಡಿ, ಪಾಪ, ತುಂಬ ಹೆದರಿದ್ದಾನೆ, ಊಟ ಮಾಡ್ಲಿ ಅಂತ."

ನೋಡಿಕೊಂಡೆ. ಯಾವಾಗ ಹಾಕಿಕೊಂಡೆನೋ ದೇವರಾಣೆಗೂ ನೆನಪಿಲ್ಲ. ನನ್ನ ಮೈಮೇಲೆ, ಮೂರೂ ಪಟ್ಟಿಗಳನ್ನು ಬಿಗಿದು ಕಟ್ಟಿದ, ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಇತ್ತು. ಎದೆಯ ಮೇಲಿನ ಸೀಟಿಯಲ್ಲಿ ಒಂದು ತುಂಡು ರೊಟ್ಟಿ ಸಿಕ್ಕಿಕೊಂಡಿತ್ತು.