ಉಪ್ಪು ನೋಡುವ ವ್ರತ

ನಮ್ಮ ಸೋದರಮಾವನ ತಲೆ ಯಾವ ಧರ್ಮದ್ದು ಎಂದು ಅರಸೀಕೆರೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಹಣೆಯ ಮೇಲೆ ಅಗಲವಾದ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಮಠದ ಸಮಾರಂಭವೆಂದರೆ ಮುಂದಿನ ಸಾಲಿನ ಕುರ್ಚಿ. ಅದರಲ್ಲೇನೂ ಗುಟ್ಟಿರಲಿಲ್ಲ. ಗುಟ್ಟೆಲ್ಲ ಇದ್ದದ್ದು ಅವರ ಹೊಟ್ಟೆಯಲ್ಲಿ! ಆ ಹೊಟ್ಟೆ ಇವತ್ತು ಯಾವ ಧರ್ಮದಲ್ಲಿದೆ, ನಾಳೆ ಯಾವುದಕ್ಕೆ ಹೊರಟಿದೆ ಎಂಬುದು ಅಡುಗೆ ಮಾಡುವ ಅತ್ತೆಗೂ ಬೆಳಗಿನ ಕಾಫಿಯವರೆಗೆ ತಿಳಿಯುತ್ತಿರಲಿಲ್ಲ. ಕಾಫಿ ಲೋಟ ಮುಟ್ಟದೆ ವಾಪಸ್ಸು ಬಂದರೆ ಮಾವ ಯಾರದೋ ದೇವರನ್ನು ಕಲಿಯಲು ಹೊರಟಿದ್ದಾರೆ ಎಂದೇ ಲೆಕ್ಕ.

ನಾನು ಗಂಡಸಿ ಕಡೆಯ ಹಳ್ಳಿಯಿಂದ ಪಿಯುಸಿ ಓದಲೆಂದು ಅವರ ಮನೆ ಸೇರಿದವಳು. ಆಮೇಲೆ ಅಲ್ಲಿಯ ಕಾಲೇಜಿನ ಲೈಬ್ರರಿಯಲ್ಲೇ ಕೆಲಸ ಸಿಕ್ಕಿ ಅವರ ಮನೆಯಲ್ಲೇ ಉಳಿದುಬಿಟ್ಟೆ. ಹಾಗಾಗಿ ಮಾವನ ಈ ವಿದ್ಯಾಭ್ಯಾಸವನ್ನು ಮೊದಲಿನಿಂದ ಕೊನೆಯವರೆಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದ ಭಾಗ್ಯ ನನ್ನದು. ನನ್ನ ಲೈಬ್ರರಿಯಲ್ಲಿ ಧರ್ಮದ ಮೇಲೆ ಒಂದು ಬೀರು ತುಂಬ ಪುಸ್ತಕಗಳಿದ್ದವು. ತಂದುಕೊಡಲೇ ಎಂದರೆ ಮಾವ ಬೇಡ ಎನ್ನುತ್ತಿದ್ದರು.

"ಪುಸ್ತಕ ಓದೋದಕ್ಕೆ ಹೊಟ್ಟೆ ತುಂಬಿದ್ರೂ ಆಗುತ್ತೆ ಕಣೇ. ಅವರ ಹಸಿವೇ ಗೊತ್ತಿಲ್ಲ ಅಂದ್ಮೇಲೆ ಅವರ ದೇವರು ಹೆಂಗೆ ಗೊತ್ತಾಗ್ತಾನೆ?"

ಈ ಸಿದ್ಧಾಂತ ಹುಟ್ಟಿದ್ದು ಮಾವನ ಕೊಬ್ಬರಿ ಮಂಡಿಯಲ್ಲಿ. ಮಂಡಿಗೆ ಗೋಣಿಚೀಲ ತಂದುಕೊಡುವ ಸಾಹೇಬರೊಬ್ಬರು ಮಾವನ ಹಳೆಯ ಸ್ನೇಹಿತರು. ಒಂದು ರಂಜಾನ್ ತಿಂಗಳ ಮಧ್ಯಾಹ್ನ ಅವರು ಬಂದು ಕೂತಾಗ ಮಾವ ಆರಾಮವಾಗಿ ಎಳನೀರು ಕುಡಿಯುತ್ತಾ, "ಸಾಹೇಬ್ರೆ, ನಿಮ್ಮಲ್ಲಿ ಸ್ವರ್ಗ ಅಂದ್ರೆ ಹೆಂಗಿರುತ್ತೆ?" ಎಂದು ಕೇಳಿದರಂತೆ.

"ಸಂಜೆ ಕೇಳಿ ಅಣ್ಣಾವ್ರೆ," ಎಂದರಂತೆ ಸಾಹೇಬರು. "ಈಗ ನಿಮ್ಮ ಕೈಯಾಗಿರೋ ಎಳನೀರು ಬಿಟ್ರೆ ನಂಗೆ ಬೇರೆ ಸ್ವರ್ಗ ಕಾಣ್ತಾ ಇಲ್ಲ."

ಮಾವನಿಗೆ ನಾಚಿಕೆಯಾಯಿತು. ಮರುದಿನ ತಾವೂ ರೋಜಾ ಹಿಡಿದರು. ಸಂಜೆ ಸಾಹೇಬರ ಮನೆಯಲ್ಲಿ ಖರ್ಜೂರ ಬಾಯಿಗೆ ಹಾಕಿಕೊಂಡ ಮೇಲೆ, ಸ್ವರ್ಗದ ವಿಷಯ ಮರೆತು, "ಇಡೀ ದಿನ ಹಸ್ಕೊಂಡು ಅಡುಗೆ ಮಾಡ್ತಾರಲ್ಲ, ಉಪ್ಪು ಸರಿ ಐತೋ ಇಲ್ವೋ ಹೆಂಗೆ ತಿಳ್ಕೊತಾರೆ?" ಎಂದು ಕೇಳಿದರು. ನಾಲಗೆಯ ತುದಿಗೆ ಮುಟ್ಟಿಸಿ ನೋಡಬಹುದು, ನುಂಗಬಾರದು ಅಷ್ಟೆ, ಉಪ್ಪು ನೋಡುವುದು ಊಟವಲ್ಲ, ಅದರಿಂದ ಉಪವಾಸ ಮುರಿಯುವುದಿಲ್ಲ ಎಂದು ಸಾಹೇಬರು ವಿವರಿಸಿದರು. ಮಾವ ಮನೆಗೆ ಬಂದವರೇ ಇದನ್ನು ಒಂದು ವಾರ ಬಂದವರಿಗೆಲ್ಲ ಹೇಳಿದರು. "ನೋಡಿದ್ಯಾ? ದೇವರಾದವನು ಅಡುಗೆಮನೆ ತನಕ ಬಂದು, ಉಪ್ಪಿನ ಡಬ್ಬಿ ಪಕ್ಕ ನಿಂತು ಒಂದು ರಿಯಾಯಿತಿ ಕೊಟ್ಟಿದ್ದಾನೆ!" ಅತ್ತೆ ಒಗ್ಗರಣೆ ಹಾಕುತ್ತಾ, "ನಮಗೂ ಒಂದು ಯಾವಾಗ ಕೊಡ್ತಾನೋ ಕೇಳಿ," ಎಂದರು.

ಅಂದಿನಿಂದ ಅದೇ ನಿಯಮವಾಯಿತು. ಮೊದಲು ಅವರ ಉಪವಾಸ, ಆಮೇಲೆ ಪ್ರಶ್ನೆ.

ಬೇಲೂರಿನಲ್ಲಿ ಪರಿಚಯದ ಅಯ್ಯಂಗಾರರ ಮನೆಯೊಂದಿತ್ತು. ಅವರ ಏಕಾದಶಿಗೆಂದು ಮಾವ ಹಿಂದಿನ ರಾತ್ರಿಯಿಂದಲೇ ಹನಿ ನೀರೂ ಮುಟ್ಟದೆ ಬಸ್ಸು ಹತ್ತಿದರು. ಹೋದರೆ ಅಲ್ಲಿ ಬಾಳೆಲೆಯ ಮೇಲೆ ಗೋಧಿರವೆ ಉಪ್ಪಿಟ್ಟು, ಹಣ್ಣು, ಹಾಲು, ಕಡಲೆಕಾಯಿ ಉಂಡೆ. ಅನ್ನವೊಂದು ನಿಷಿದ್ಧ, ಇದು ಫಲಾಹಾರ ಎಂದು ಮನೆಯ ಹಿರಿಯರು ಸಂಕೋಚದಿಂದಲೇ ಹೇಳಿದರು. ಮಾವ ಎಲೆಯನ್ನು ಒಮ್ಮೆ ಆ ತುದಿಯಿಂದ ಈ ತುದಿಗೆ ನೋಡಿ, "ಸ್ವಾಮಿ, ನಿಮ್ಮ ಉಪವಾಸದ ಮುಂದೆ ನಮ್ಮನೆ ಹಬ್ಬದೂಟ ಏನೂ ಅಲ್ಲ," ಎಂದರು. ಹಿರಿಯರು ನಕ್ಕು ಇನ್ನೊಂದು ಉಂಡೆ ಬಡಿಸಿದರು. ಆ ಧರ್ಮದ ಬಗ್ಗೆ ಮಾವನಿಗೆ ಕೊನೆಯವರೆಗೂ ವಿಶೇಷ ಗೌರವವಿತ್ತು.

ಹಳೇಬೀಡಿನ ಪಾಠ ಇನ್ನೊಂದು ಬಗೆ. ಅಲ್ಲಿ ಹೊಯ್ಸಳೇಶ್ವರನಿಗೆ ಕೈಮುಗಿದು ಸ್ವಲ್ಪ ದೂರ ನಡೆದರೆ ಬಸದಿಗಳಿವೆ. ಅಲ್ಲಿಯ ಕಂಬಗಳಲ್ಲಿ ಮುಖ ನೋಡಿಕೊಳ್ಳಬಹುದು, ಅಷ್ಟು ನುಣುಪು. ಸೂರ್ಯ ಮುಳುಗಿದ ಮೇಲೆ ತಿನ್ನದ ಜೈನರ ವ್ರತವನ್ನು ಮೊದಲ ಸಲ ಹಿಡಿದಾಗ ಮಾವ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಕಂಬದಲ್ಲಿ ತಮ್ಮ ಬಿಂಬ ಸಣ್ಣಗೆ ಉದ್ದಕ್ಕೆ ಎಳೆದಂತೆ ಕಂಡದ್ದೇ, "ಒಂದೇ ರಾತ್ರಿ ಊಟ ಬಿಟ್ಟಿದ್ದಕ್ಕೆ ಇಷ್ಟು ಇಳಿದುಹೋದ್ನಾ?" ಎಂದು ಗಾಬರಿಯಾದರು. ಅಲ್ಲಿದ್ದ ಜೈನ ಹಿರಿಯರೊಬ್ಬರು, "ಕಂಬದ ಗುಣ ಸ್ವಾಮಿ. ಈ ಕಡೆ ಬನ್ನಿ, ದಪ್ಪ ಆಗ್ತೀರಿ," ಎಂದರು. ಆ ಹಿರಿಯರೇ ಮುಂದೆ ಮಾವನ ಗುರುಗಳಾದರು.

ನಗುತ್ತಲೇ ಹೇಳುತ್ತಿದ್ದೇನೆ. ಆದರೆ ಆ ಮನುಷ್ಯನನ್ನು ಕಂಡು ನಾನು ಬೆರಗಾದದ್ದು ಒಂದೆರಡು ಸಲವಲ್ಲ. ನಮ್ಮ ಪಕ್ಕದ ಮನೆಯ ಮೇಷ್ಟ್ರು ಬೌದ್ಧರು, ಅವರ ತಂದೆಯ ಕಾಲದಲ್ಲಿ ಆ ದಾರಿ ಹಿಡಿದ ಕುಟುಂಬ. ಹುಣ್ಣಿಮೆಯಂದು ಮಧ್ಯಾಹ್ನದ ನಂತರ ಏನೂ ತಿನ್ನದೆ ಮಾವ ಅವರ ಮನೆಯ ಜಗಲಿಯಲ್ಲಿ ಹೋಗಿ ಕೂತರು. ಮೇಷ್ಟ್ರು ಪಕ್ಕದಲ್ಲಿ ಬಂದು ಕೂತು, "ನಮ್ಮಪ್ಪ ದೇವಸ್ಥಾನದ ಹೊರಗೆ ನಿಂತು ನಿಂತೇ ಮುದುಕರಾದ್ರು ಸರ್. ಒಂದು ದಿನ ಸಾಕು ಅಂತ ತಿರುಗಿ ನಡೆದ್ರು," ಎಂದರು. ಮಾವ ಮನಸ್ಸಿನಲ್ಲಿಟ್ಟುಕೊಂಡು ಹೋಗಿದ್ದ ಪ್ರಶ್ನೆಯನ್ನು ಕೇಳಲೇ ಇಲ್ಲ. ಮನೆಗೆ ಬಂದು, "ನಾವು ಒಳಗಿದ್ವಿ ಕಣೇ, ಆವಾಗ," ಎಂದಷ್ಟೇ ಹೇಳಿದರು. ಮುಂದಿನ ಹುಣ್ಣಿಮೆಗೆ ಮತ್ತೆ ಹೋಗಿ ಕೂತರು. ಹೊಟ್ಟೆ ಖಾಲಿ ಇಟ್ಟುಕೊಂಡು ಬಂದವನ ಮುಂದೆ ಜನ ಬೇರೆ ಯಾರಿಗೂ ಹೇಳದ್ದನ್ನು ಹೇಳುತ್ತಾರೆ ಎಂಬುದನ್ನು ನಾನು ಕಂಡದ್ದು ಹೀಗೆ.

ಇಷ್ಟೆಲ್ಲದರ ನಡುವೆ ಅತ್ತೆ ಎಲ್ಲಿದ್ದರು? ಅಡುಗೆಮನೆಯಲ್ಲಿ, ಉಣ್ಣದೆ! ಗಂಡ ಉಣ್ಣುವ ಮೊದಲು ಉಣ್ಣಬಾರದು ಎಂಬುದು ಅತ್ತೆ ಮದುವೆಯಾಗಿ ಬಂದಂದಿನಿಂದ ನಡೆಸಿಕೊಂಡು ಬಂದ ಪದ್ಧತಿ. ಹಾಗಾಗಿ ಮಾವ ಸಂಜೆಯವರೆಗೆ ಹಸಿದರೆ ಅತ್ತೆಯೂ ಸಂಜೆಯವರೆಗೆ. ಮಾವ ರಾತ್ರಿಯೂಟ ಬಿಟ್ಟರೆ ಅತ್ತೆಗೂ ಇಲ್ಲ. ಮಾವನ ಉಪವಾಸದ ಸುದ್ದಿ ಊರಿಗೆಲ್ಲ ಗೊತ್ತಿತ್ತು, ಅತ್ತೆಯದನ್ನು ಯಾರೂ ಉಪವಾಸವೆಂದೇ ಕರೆಯುತ್ತಿರಲಿಲ್ಲ.

ಅಷ್ಟರಲ್ಲಿ ಅತ್ತೆಗೆ ಸಕ್ಕರೆ ಕಾಯಿಲೆ ಬಂತು. ಮಾತ್ರೆ ತೆಗೆದುಕೊಂಡು ಊಟ ತಪ್ಪಿಸಿದರೆ ಅಪಾಯ ಎಂದು ಡಾಕ್ಟರು ಇಬ್ಬರೆದುರೂ ಹೇಳಿದ್ದರು. ಮಾವ ದಿನಾ ಮಂಡಿಗೆ ಹೊರಡುವಾಗ, "ನೀನು ಹೊತ್ತಿಗೆ ಸರಿಯಾಗಿ ಉಂಡ್ಬಿಡು," ಎನ್ನುವರು. ಅತ್ತೆ "ಹೂಂ" ಎನ್ನುವರು. ಹೂಂ ಎಂದಮೇಲೆ ಉಂಡಂತೆಯೇ ಎಂದು ಮಾವ ನಂಬಿದ್ದರು. ನಾನು ಜಗಳವಾಡಿದರೆ ಅತ್ತೆಯ ಉತ್ತರ ಒಂದೇ. "ಏನೋ ಕಲೀತಾ ಇದ್ದಾರೆ. ಕಲೀಲಿ ಬಿಡೇ."

ಆಮೇಲೆ ಬಂತು ಆ ವರ್ಷ. ರಂಜಾನ್ ತಿಂಗಳು ವರ್ಷ ವರ್ಷವೂ ಸ್ವಲ್ಪ ಸ್ವಲ್ಪ ಹಿಂದಕ್ಕೆ ಸರಿಯುತ್ತದಲ್ಲ? ನಾನು ಆ ಮನೆ ಸೇರಿದ ಕಾಲಕ್ಕೆ ಸಂಕ್ರಾಂತಿಯ ಚಳಿಯ ಆಸುಪಾಸಿನಲ್ಲಿದ್ದದ್ದು, ನನ್ನ ಕೆಲಸ ಹಳತಾಗುವಷ್ಟರಲ್ಲಿ ಭಾದ್ರಪದಕ್ಕೆ ಬಂದು ನಿಂತಿತು. ಭಾದ್ರಪದದಲ್ಲೇ ಜೈನರ ದಶಲಕ್ಷಣ ಪರ್ವ. ಮಾವ ಪಂಚಾಂಗ ನೋಡದೆ ಇಬ್ಬರಿಗೂ ಮಾತು ಕೊಟ್ಟಿದ್ದರು. ರಂಜಾನ್ ಪೂರ್ತಿ ರೋಜಾ ಎಂದು ಸಾಹೇಬರಿಗೆ, ಪರ್ವ ಪೂರ್ತಿ ಸೂರ್ಯಾಸ್ತದ ಮೇಲೆ ಬಾಯಿಗೆ ಏನೂ ಹಾಕುವುದಿಲ್ಲ ಎಂದು ಹಳೇಬೀಡಿನ ಹಿರಿಯರಿಗೆ. ಒಂದರಲ್ಲಿ ಸೂರ್ಯ ಇರುವಾಗ ತಿನ್ನುವಂತಿಲ್ಲ, ಇನ್ನೊಂದರಲ್ಲಿ ಸೂರ್ಯ ಇಲ್ಲದಾಗ ತಿನ್ನುವಂತಿಲ್ಲ. ಉಳಿದದ್ದೇನು? ಸೂರ್ಯ ಮುಳುಗುವ ಆ ಒಂದು ಗಳಿಗೆ!

ಬೇರೆ ಯಾರಾದರೂ ಆಗಿದ್ದರೆ ಒಂದನ್ನು ಬಿಡುತ್ತಿದ್ದರು. ಮಾವ ಬಾಳೆಹಣ್ಣು ಹಿಡಿದು ತಾರಸಿ ಹತ್ತಿದರು. ಗುಡ್ಡದ ಮೇಲೆ ಅರ್ಧ ಸೂರ್ಯ ಉಳಿದಾಗ ಅರ್ಧ ಹಣ್ಣು ತಿಂದು, ಮುಳುಗಿದ ಕೂಡಲೇ ಉಳಿದರ್ಧವನ್ನು ಏನು ಮಾಡುವುದೆಂದು ಯೋಚಿಸುತ್ತಾ ನಿಂತರು. "ರೋಜಾ ಮುರಿದಾಯ್ತು, ಉಳಿದರ್ಧಾನೂ ತಿಂದ್ರೆ ಎರಡು ವ್ರತವನ್ನೂ ಸಮನಾಗಿ ಮುರಿದ ಹಾಗಾಗುತ್ತೆ," ಎಂದು ನಾನು ಕೆಳಗಿನಿಂದ ಕೂಗಿದೆ. ಮಾವ ಉಳಿದರ್ಧವನ್ನು ಕೆಳಗೆ ತಂದು ಅತ್ತೆಯ ಕೈಗಿತ್ತರು. ಅವತ್ತು ಅತ್ತೆಯ ಊಟವೂ ಅಷ್ಟೆ.

ಹೀಗೇ ಕೆಲವು ದಿನ ಕಳೆಯುವುದರೊಳಗೆ ಒಂದು ಸಂಜೆ ಅತ್ತೆ ಒಲೆಯ ಮುಂದೆಯೇ ಕುಸಿದುಬಿಟ್ಟರು. ಮೇಷ್ಟ್ರು ಓಡಿಬಂದು ಆಟೋ ತಂದರು. ನರ್ಸಿಂಗ್ ಹೋಮಿನಲ್ಲಿ ಗ್ಲೂಕೋಸ್ ಹಾಕಿದರು. ಊಟ ಯಾವಾಗ ಮಾಡಿದ್ದು ಎಂದು ಡಾಕ್ಟರು ಕೇಳಿದಾಗ ಅತ್ತೆಯ ಬದಲು ನಾನೇ ಎಲ್ಲವನ್ನೂ ಹೇಳಿಬಿಟ್ಟೆ. ಮಾವನ ಮುಖ ಆಗ ಹೇಗಾಯಿತೆಂದು ಬರೆಯಲು ನನಗೆ ಬರುವುದಿಲ್ಲ. "ಹೂಂ ಅಂತಿದ್ದಳಲ್ಲ," ಎಂದು ಎರಡು ಸಲ ಅಂದರು.

ಹೊರಗಿನ ಬೆಂಚಿನ ಮೇಲೆ ಮೇಷ್ಟ್ರು ಅವರ ಪಕ್ಕ ಕೂತು, "ಸರ್, ನಮ್ಮಲ್ಲಿ ಹಸಿದವರಿಗೆ ಮೊದಲು ಅನ್ನ, ಆಮೇಲೆ ಧರ್ಮ. ಮನೆಗೆ ಹೋಗಿ ಊಟ ಮಾಡಿ," ಎಂದರು.

ಅಷ್ಟು ಸಾಲದೇ? ಸಾಲದು! ಮಾತನ್ನು ಯಾರಿಗೆ ಕೊಟ್ಟಿದ್ದರೋ ಅವರ ಹತ್ತಿರವೇ ಬಿಡಿಸಿಕೊಳ್ಳಬೇಕಂತೆ. ಮರುದಿನ ಅತ್ತೆಯನ್ನು ಮನೆಗೆ ಕರೆತಂದು, ಊರಿನಿಂದ ಬಂದಿದ್ದ ನನ್ನ ಅಮ್ಮನನ್ನು ಕಾವಲಿಗಿಟ್ಟು, ನನ್ನನ್ನು ಜೊತೆಗೆಳೆದುಕೊಂಡು ಮಾವ ಹಳೇಬೀಡಿನ ಬಸ್ಸು ಹತ್ತಿದರು. ಸಿಟ್ಟಿನಿಂದ ನಾನು ಜಾವಗಲ್ ದಾಟುವವರೆಗೆ ಮಾತಾಡಲಿಲ್ಲ.

ಹಳೇಬೀಡಿನ ಹಿರಿಯರು ಎಲ್ಲವನ್ನೂ ಕೇಳಿದರು. "ದೀಪಕ್ಕೆ ಬೀಳೋ ಹುಳ ಸಾಯಬಾರದು ಅಂತ ರಾತ್ರಿ ಊಟ ಬಿಟ್ರಿ. ಮನೇಲಿರೋ ಜೀವದ ಲೆಕ್ಕ ಯಾರು ಇಡೋದು ಸ್ವಾಮಿ? ಮನೆಗೆ ಹೋಗಿ ಊಟ ಮಾಡಿ," ಎಂದರು. ಅವರ ಧ್ವನಿ ಏರಲೂ ಇಲ್ಲ. ಮಾವ ಕಾಲುಮುಟ್ಟಿ ಎದ್ದರು.

ಸಾಹೇಬರು ಬೇಲೂರಿನ ಮಗಳ ಮನೆಯಲ್ಲಿದ್ದರು. ಅವರೂ ಕೇಳಿ ತಲೆಯ ಮೇಲೆ ಕೈಯಿಟ್ಟುಕೊಂಡರು. "ಕಾಯಿಲೆಯವರಿಗೆ ರೋಜಾ ಮಾಫಿ ಐತೆ ಅಣ್ಣಾವ್ರೆ."

"ಕಾಯಿಲೆ ಅವಳಿಗೆ, ರೋಜಾ ನನ್ನದು."

"ಹಸಿವು ಇಬ್ರುದ್ದೂ ಒಂದೇ ಆಗೋಗೈತಲ್ಲ. ಬೇರೆ ಏನೂ ಕೇಳ್ಬೇಡಿ. ಮನೆಗೆ ಹೋಗಿ ಊಟ ಮಾಡಿ." ಅಷ್ಟು ಹೇಳಿದವರು, ಮನೆವರೆಗೂ ಯಾಕೆ ಕಾಯಬೇಕೆಂದು, ತಾವು ಉಪವಾಸವಿದ್ದರೂ ಮಗಳಿಗೆ ಹೇಳಿ ಅನ್ನ ತಿಳಿಸಾರು ತರಿಸಿ ಮಾವನ ಮುಂದೆ ಇಡಿಸಿದರು.

ಮಾವ ನನ್ನ ಮೊಬೈಲಿನಿಂದ ಮನೆಗೆ ಫೋನು ಮಾಡಿಸಿದರು. "ಮಾತ್ರೆ ಜೊತೆ ಹಾಲು ಕುಡಿದಳು. ಅನ್ನಕ್ಕೆ ಮಾತ್ರ, ಅವರು ಬರಲಿ ಅಂತಾಳೆ," ಎಂದಳು ಅಮ್ಮ. ಮಾವ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

"ಅವಳಿನ್ನೂ ಉಂಡಿಲ್ಲ. ನಾನು ಹೆಂಗೆ ಉಣ್ಣಲಿ?"

"ಇದು ಯಾರ ವ್ರತ ಅಣ್ಣಾವ್ರೆ?" ಎಂದರು ಸಾಹೇಬರು.

"ಅವಳದು," ಎಂದರು ಮಾವ.

ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು. ಇಷ್ಟು ವರ್ಷ ಇಷ್ಟು ಜನರ ಉಪವಾಸ ಹಿಡಿದ ಮನುಷ್ಯ ತನ್ನ ಮನೆಯ ಉಪವಾಸವನ್ನು ಅಂದು ಮೊದಲ ಬಾರಿಗೆ ಹಿಡಿದಿದ್ದರು. ವಾಪಸ್ಸು ಬರುವ ಬಸ್ಸಿನಲ್ಲಿ ಅವರ ಪಕ್ಕ ಕೂರಲು ನನಗೆ ಒಂದು ಬಗೆಯ ಭಯಭಕ್ತಿಯೇ ಆಯಿತು.

ಮನೆಗೆ ಬಂದವರೇ ಅತ್ತೆಯ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು, ಮೇಷ್ಟ್ರ ಜಗಲಿಯಲ್ಲಿ ಕೂರುತ್ತಿದ್ದ ಹಾಗೆಯೇ ಕೈಕಟ್ಟಿ ಕೂತರು. "ಬೆಳಗಿಂದ ನಿನ್ನ ಉಪವಾಸ ಮಾಡಿದ್ದೀನಿ. ಇವಾಗ ಒಂದು ಪ್ರಶ್ನೆ ಕೇಳಬಹುದು ಅಂದ್ಕೊತೀನಿ. ನಾನು ಉಣ್ಣೋ ತನಕ ನೀನು ಯಾಕೆ ಉಣ್ಣಲ್ಲ?"

ಅತ್ತೆ ಗೋಡೆಯ ಕಡೆ ನೋಡಿದರು. "ಹೊಸದ್ರಲ್ಲಿ ನಿಮ್ಮಮ್ಮ ಹೇಳಿದ್ರು ಅಂತ ಮಾಡ್ದೆ. ಆಮೇಲಾಮೇಲೆ ನೀವು ಹಸ್ಕೊಂಡಿದ್ದೀರ ಅಂತ ಗೊತ್ತಿದ್ಮೇಲೆ ತುತ್ತು ಒಳಗೆ ಇಳೀತಿರ್ಲಿಲ್ಲ. ಅದಕ್ಕೆಲ್ಲ ಶಾಸ್ತ್ರ ಎಲ್ಲಿಂದ ತರ್ಲಿ ನಾನು?"

"ಇನ್ಮೇಲೆ ನೀನೇ ಮೊದ್ಲು ಉಣ್ಣು."

"ಆಗಲ್ಲ."

ಎಲ್ಲ ಧರ್ಮದವರೂ ಮಾವನಿಗೆ ರಿಯಾಯಿತಿ ಕೊಟ್ಟಿದ್ದರು, ಈ ಒಂದು ಧರ್ಮದಲ್ಲಿ ಮಾತ್ರ ಇರಲಿಲ್ಲ. ಮಾವ ಎದ್ದು ಅಡುಗೆಮನೆಗೆ ಹೋದರು. ಅಮ್ಮ ಮಾಡಿಟ್ಟಿದ್ದ ಮುದ್ದೆ, ಬಸ್ಸಾರನ್ನು ತಟ್ಟೆಗೆ ಹಾಕಿಕೊಂಡು ಬಂದು ಅತ್ತೆಯ ಮುಂದೆ ಹಿಡಿದರು.

"ನಿನ್ನ ನಾದಿನಿ ಅಡುಗೆ. ಅವಳಿಗೆ ಉಪ್ಪಿನ ಅಂದಾಜು ಇಲ್ಲ ಅಂತ ನಿಂಗೇ ಗೊತ್ತು. ಒಸಿ ನೋಡಿ ಹೇಳು, ಆಮೇಲೆ ನಾನು ಉಣ್ತೀನಿ. ಉಪ್ಪು ನೋಡೋದು ಊಟ ಅಲ್ಲ, ಸಾಹೇಬ್ರು ಹೇಳವ್ರೆ."

ಬಾಗಿಲಲ್ಲಿದ್ದ ಅಮ್ಮ ಮುಖ ಊದಿಸಿಕೊಂಡಳು. ಅತ್ತೆ ಬೆರಳ ತುದಿಯಲ್ಲಿ ಸಾರು ಮುಟ್ಟಿ, "ಸರಿ ಐತೆ," ಎಂದರು.

"ಬರೀ ಸಾರಲ್ಲಿ ಗೊತ್ತಾಗಲ್ಲ, ಮುದ್ದೆ ಜೊತೆ ನೋಡು."

ಅತ್ತೆ ಒಂದು ತುತ್ತು ನುಂಗಿದರು. "ಸರಿ ಐತೆ ಕಣ್ರೀ."

"ಕಾಳು ಸೇರಿಸ್ಕೊಂಡು ನೋಡು. ತಳದಲ್ಲಿ ಜಾಸ್ತಿ ಇಳ್ದಿರುತ್ತೆ, ಅಲ್ಲೂ ನೋಡು."

ಉಪ್ಪು ನೋಡಿ ನೋಡಿ ಇಡೀ ಮುದ್ದೆ ಮುಗಿಯಿತು. ಆಮೇಲೆ ಮಾವ ಅದೇ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿಸಿಕೊಂಡು ಉಂಡರು.

ಅಂದಿನಿಂದ ಅದು ಮನೆಯ ಪದ್ಧತಿಯಾಯಿತು. ಮಂಡಿಯಲ್ಲಿ ಎಷ್ಟೇ ವ್ಯಾಪಾರವಿರಲಿ, ಮಾವ ಹೊತ್ತಿಗೆ ಸರಿಯಾಗಿ ಮನೆಗೆ ಬಂದು ಅತ್ತೆಯಿಂದ ಉಪ್ಪು ನೋಡಿಸುತ್ತಿದ್ದರು. ಹುಣ್ಣಿಮೆಗೆ ಜಗಲಿಯಲ್ಲಿ ಕೂರುವುದು, ರಂಜಾನ್ ಸಂಜೆ ಸಾಹೇಬರ ಮನೆಗೆ ಹೋಗುವುದು ತಪ್ಪಲಿಲ್ಲ, ಆದರೆ ಉಂಡುಕೊಂಡೇ ಹೋಗುತ್ತಿದ್ದರು. ಹೊಟ್ಟೆ ತುಂಬಿಸಿಕೊಂಡು ಬಂದವನಿಗೂ ಅವರು ಹೇಳುವುದನ್ನು ನಿಲ್ಲಿಸಲಿಲ್ಲ.

ಮಾವ ತೀರಿಕೊಂಡ ಮೇಲೆ ಒಂದು ಮಧ್ಯಾಹ್ನ ನಾನೇ ಅತ್ತೆಗೆ ತಟ್ಟೆ ಹಾಕಿ ಕೊಟ್ಟೆ. ಅಭ್ಯಾಸಬಲದಿಂದ, "ಉಪ್ಪು ನೋಡಿ ಅತ್ತೆ," ಎಂದುಬಿಟ್ಟೆ. ಅತ್ತೆ ಒಂದು ತುತ್ತು ಬಾಯಿಗಿಟ್ಟರು.

"ಮೊದಲನೇ ತುತ್ತಿಗೇ ಗೊತ್ತಾಗೋದು ಕಣೇ ನಂಗೆ, ದಿನಾ," ಎಂದರು. "ಏನೋ ಕಲೀತಾ ಇದ್ದಾರೆ, ಕಲೀಲಿ ಅಂತ ಸುಮ್ಮನೆ ಪೂರ್ತಿ ತಿಂತಿದ್ದೆ."