ಬಾಗಿಲಿಲ್ಲದ ಕಾರು ಮತ್ತು ನಮ್ಮ ಭಾವ

ನಮ್ಮ ಭಾವನಷ್ಟು ಜಾಗರೂಕ ಮನುಷ್ಯ ಈ ಸಿಂಗಪುರದಲ್ಲಿ ಇನ್ನೊಬ್ಬರಿಲ್ಲ. ಅಂಥವರು ಬಾಗಿಲಿಲ್ಲದ, ಚಾವಣಿಯಿಲ್ಲದ, ಕಿಟಕಿಯಂತೂ ಇಲ್ಲವೇ ಇಲ್ಲದ ಒಂದು ಕಾರನ್ನು ನಾಲ್ಕು ವರ್ಷ ಓಡಿಸಿದರು ಎಂದರೆ ನೀವು ನಂಬುವುದಿಲ್ಲ. ನಂಬದಿದ್ದರೆ ಬಿಡಿ. ಅವರ ಜೊತೆಯಲ್ಲೇ ಸಂಸಾರ ಮಾಡುವ ನಮ್ಮ ಅಕ್ಕನೇ ಇನ್ನೂ ಪೂರ್ತಿಯಾಗಿ ನಂಬಿಲ್ಲ!

ಭಾವ ಉಡುಪಿ ಕಡೆಯವರು. ಇಲ್ಲಿ ಹಡಗು ರಿಪೇರಿ ಮಾಡುವ ಯಾರ್ಡೊಂದರಲ್ಲಿ ಸೇಫ್ಟಿ ಆಫೀಸರ್. ಅಂದರೆ ಬೆಳಿಗ್ಗೆಯಿಂದ ಸಂಜೆಯವರೆಗೆ "ಹೆಲ್ಮೆಟ್ ಹಾಕು, ಬೆಲ್ಟ್ ಹಾಕು, ಅಲ್ಲಿ ನಿಲ್ಲಬೇಡ" ಎಂದು ಹೇಳುವುದಕ್ಕೇ ಅವರಿಗೆ ಸಂಬಳ. ಸಂಜೆಯಾದ ಮೇಲೆ ಹೇಳುವುದನ್ನು ನಿಲ್ಲಿಸಬಹುದು ಎಂದು ಮಾತ್ರ ಅವರಿಗೆ ಯಾರೂ ತಿಳಿಸಿದಂತಿಲ್ಲ. ಎಂಆರ್‌ಟಿ ರೈಲು ಸ್ಟೇಷನ್ನಿನ ಎಸ್ಕಲೇಟರಿನಲ್ಲಿ ಪಕ್ಕದ ಪಟ್ಟಿ ಹಿಡಿಯದ ಅಪರಿಚಿತರಿಗೂ ಬುದ್ಧಿ ಹೇಳುತ್ತಾರೆ. ಒಮ್ಮೆ ಸ್ನೇಹಿತರ ಮಗಳ ಮದುವೆಯಲ್ಲಿ, ಹೋಮದ ಬೆಂಕಿಗೂ ಪುರೋಹಿತರ ಶಲ್ಯಕ್ಕೂ ನಡುವೆ ಸಾಕಷ್ಟು ಅಂತರವಿಲ್ಲ ಎಂದು ಅವರಿಗೆ ಅನ್ನಿಸಿಬಿಟ್ಟಿತು. ಮಾಂಗಲ್ಯ ಕಟ್ಟುವ ಹೊತ್ತಿಗೆ ಬೆಂಕಿ ಆರಿಸುವ ಸಿಲಿಂಡರ್ ಎತ್ತಿಕೊಂಡು ಮಂಟಪದ ಹಿಂದೆಯೇ ನಿಂತಿದ್ದರು. ಆ ಮದುವೆಯ ಆಲ್ಬಮ್ ತೆಗೆದು ನೋಡಿ: ವರ, ವಧು, ಕೆಂಪು ಸಿಲಿಂಡರ್. ಪ್ರತಿ ಫೋಟೋದಲ್ಲೂ!

ಇಂಥ ಭಾವ ಒಂದು ಭಾನುವಾರ, "ಒಂದು ಕಾರು ನೋಡಿದ್ದೇನೆ" ಎಂದರು.

ಅಕ್ಕನಿಗೆ ಸ್ವರ್ಗವೇ ಇಳಿದು ಬಂದ ಹಾಗಾಯಿತು. ಸೆರಂಗೂನಿನ ಫ್ಲಾಟಿನಲ್ಲಿ ಹದಿನೈದು ವರ್ಷ ಬಸ್ಸು, ಎಂಆರ್‌ಟಿ ಎಂದೇ ಬದುಕಿದವಳು. ಎಸಿ, ಹಿಂದಿನ ಸೀಟು, ಸೋನಾ ಮಸೂರಿ ಮೂಟೆ ಇಡಲು ಡಿಕ್ಕಿ ಎಲ್ಲವನ್ನೂ ಮನಸ್ಸಿನಲ್ಲೇ ಜೋಡಿಸಿಕೊಂಡಳು. ಕಾರು ಬರುವ ದಿನ ನಾನೂ ನನ್ನ ಮಗಳೂ ಚೋವಾ ಚು ಕಾಂಗಿನ ನಮ್ಮ ಮನೆಯಿಂದ ಹೋಗಿದ್ದೆವು. ಅಕ್ಕ ರೇಷ್ಮೆ ಸೀರೆಯುಟ್ಟು, ಆರತಿ ತಟ್ಟೆ, ಹೂವು, ಚಕ್ರದ ಕೆಳಗಿಡಲು ನಾಲ್ಕು ನಿಂಬೆಹಣ್ಣು ಹಿಡಿದು ಕಾರ್ ಪಾರ್ಕಿನಲ್ಲಿ ನಿಂತಿದ್ದಳು.

ಮೊದಲು ಸದ್ದು ಬಂತು. ಕಾರ್ ಪಾರ್ಕಿನ ಮೂರು ಅಂತಸ್ತಿನಲ್ಲಿ ನಿಂತಿದ್ದ ಕಾರುಗಳ ಅಲಾರಂ ಒಂದಾದ ಮೇಲೊಂದು ಕೂಗಿಕೊಂಡವು. ಆಮೇಲೆ, ನಮ್ಮ ಮೊಣಕಾಲಿನ ಎತ್ತರದಲ್ಲಿ, ಚಕ್ರ ಕಟ್ಟಿದ ಸ್ನಾನದ ತೊಟ್ಟಿಯಂಥದ್ದೊಂದು ಬಂದು ನಿಂತಿತು. ತೊಟ್ಟಿಯೊಳಗೆ ಹೆಲ್ಮೆಟ್ ಧರಿಸಿ ಭಾವ ಕೂತಿದ್ದರು.

ಅಕ್ಕ ಬಹಳ ಹೊತ್ತು ನೋಡಿದಳು. ಆಮೇಲೆ ಮೆತ್ತಗೆ ಕೇಳಿದಳು: "ರೀ, ಮಿಕ್ಕಿದ್ದು ಯಾವಾಗ ಬರತ್ತೆ?"

"ಇಷ್ಟೇ ಮಾರಾಯ್ತಿ! ಇದು ಕಿಟ್ ಕಾರು. ಪಾರ್ಟ್ಸೆಲ್ಲ ಡಬ್ಬಿಯಲ್ಲಿ ಬರ್ತದೆ, ನಾವೇ ಕೂತು ಜೋಡಿಸುವುದು. ಇದನ್ನು ಒಬ್ಬ ಎಂಜಿನಿಯರ್ ವರ್ಕ್‌ಶಾಪಿನಲ್ಲಿ ವರ್ಷಗಟ್ಟಲೆ ಕೂತು ಜೋಡಿಸಿದ್ದು. ಅವ ಈಗ ಊರು ಬಿಡ್ತಾ ಇದ್ದಾನೆ, ಅದಕ್ಕೆ ಮಾರಿದ."

"ಅಂದ್ರೆ ನಮ್ಮ ಬುಕ್ ಶೆಲ್ಫ್ ಥರ?" ಎಂದಳು ಅಕ್ಕ. ಆ ಬುಕ್ ಶೆಲ್ಫನ್ನೂ ಡಬ್ಬಿ ಬಿಚ್ಚಿ ಭಾವನೇ ಜೋಡಿಸಿದ್ದರು. ಅದರ ಒಂದು ಕಾಲಿನ ಕೆಳಗೆ ಇವತ್ತಿಗೂ ಹಳೆಯ ಪಂಚಾಂಗವಿದೆ.

ನನ್ನ ಮಗಳು ಕಾರಿನ ಸುತ್ತ ಒಂದು ಸುತ್ತು ಬಂದು ತೀರ್ಪು ಕೊಟ್ಟಳು: "ದೊಡ್ಡಪ್ಪ, ದಿಸ್ ಒನ್ ನಾಟ್ ಫಿನಿಶ್ಡ್ ಲಾ!"

ಪೂಜೆಯಾಯಿತು. ನಿಂಬೆಹಣ್ಣಿನ ಮೇಲೆ ಕಾರು ಹತ್ತಿಸಿದರು. ಎಲ್ಲರ ಕಾರಿನ ಕೆಳಗೂ ಅಪ್ಪಚ್ಚಿಯಾಗುವ ನಿಂಬೆಹಣ್ಣು ಇಲ್ಲಿ ಅಪ್ಪಚ್ಚಿಯಾಗಲಿಲ್ಲ. ಚಕ್ರ ತಾಕಿದೊಡನೆ ಪುಟಿದು ಉರುಳಿಕೊಂಡು ಹೋಯಿತು. ಅಪಶಕುನವೆಂದು ಅಕ್ಕ ಮುಖ ಸಣ್ಣ ಮಾಡಿದರೆ, ಭಾವನಿಗೆ ಹೆಮ್ಮೆಯೋ ಹೆಮ್ಮೆ. "ಕಂಡೆಯಾ! ಎಷ್ಟು ಲೈಟ್ ಉಂಟು ನೋಡು!"

ಹಗುರ! ಅಂದಿನಿಂದ ಅದೊಂದೇ ಜಪ. ಇಂಥ ಕಾರಿನ ಮಜಾ ಎಲ್ಲ ಅದರ ಹಗುರತನದಲ್ಲಿದೆಯಂತೆ. ಒಂದು ಮ್ಯಾಟ್ ತೆಗೆದರೂ ಕಾರಿಗೆ ಗೊತ್ತಾಗುತ್ತದಂತೆ. ಮ್ಯಾಟ್ ತೆಗೆದರು. ಆಮೇಲೆ ಡಯಟ್ ಶುರು ಮಾಡಿ ತಾವೇ ನಾಲ್ಕು ಕೆಜಿ ಇಳಿದರು. ಡಾಕ್ಟರು ಹತ್ತು ವರ್ಷದಿಂದ ಹೇಳಿ ಆಗದಿದ್ದುದನ್ನು ಕಾರು ಒಂದು ತಿಂಗಳಲ್ಲಿ ಮಾಡಿಸಿತ್ತು. ನನ್ನನ್ನು ಮೊದಲ ಸಲ ಹತ್ತಿಸಿಕೊಳ್ಳುವಾಗ ಕೈಲಿದ್ದ ಬ್ಯಾಗನ್ನೇ ದಿಟ್ಟಿಸಿ, "ಅದರಲ್ಲಿ ಎಂತ ಉಂಟು? ಬೇಕೇ ಬೇಕಾ?" ಎಂದರು. ಬ್ಯಾಗನ್ನು ಅಕ್ಕನ ಕೈಗೆ ಕೊಟ್ಟೆ. ಆದರೂ ಅವರ ನೋಟ ನನ್ನ ಮೇಲಿಂದ ಕದಲಲಿಲ್ಲ. "ಭಾವ, ಉಳಿದಿದ್ದು ನಾನೇ. ಬಿಟ್ಟು ಬರೋಕಾಗಲ್ಲ!" ಎಂದೆ.

ಕಾರೇನೋ ರೇಸಿನದು. ಓಡಿಸುವವರು ಮಾತ್ರ ನಮ್ಮ ಭಾವ. ಮೂರು ಸಲ ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಕೈಯನ್ನೂ ತೋರಿಸಿ, ಆಮೇಲೆ ನಿಧಾನವಾಗಿ ಎಡಗಡೆಯ ಲೇನಿಗೆ ಸೇರಿಕೊಳ್ಳುತ್ತಾರೆ. ಹುಲಿಯಂತೆ ಗರ್ಜಿಸುವ ಆ ಕಾರನ್ನು ಸಿಮೆಂಟ್ ಲಾರಿಗಳು ಹಿಂದೆ ಹಾಕಿ ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಡಬಲ್ ಡೆಕರ್ ಬಸ್ಸಿನ ಮೇಲಂತಸ್ತಿನಿಂದ ಆಂಟಿಯರೆಲ್ಲ ಬಗ್ಗಿ, ಬಾವಿಯೊಳಗೆ ಇಣುಕುವಂತೆ ನಮ್ಮನ್ನು ನೋಡಿ ಫೋಟೋ ತೆಗೆಯುತ್ತಿದ್ದರು.

"ಇಷ್ಟೆಲ್ಲ ಜಾಗರೂಕತೆ ಇರೋರು ಬಾಗಿಲಿಲ್ಲದ ಕಾರು ಯಾಕೆ ತಗೊಂಡ್ರಿ?" ಎಂದು ಒಮ್ಮೆ ಕೇಳಿಯೂ ಬಿಟ್ಟೆ.

"ಬಾಗಿಲು ಇದ್ದ ಕಾರಲ್ಲಿ ಜನ ಹಾಡು ಹಾಕ್ಕೊಂಡು ಮೈಮರೀತಾರೆ. ಇದರಲ್ಲಿ ಕೂತವನಿಗೆ ಎಚ್ಚರ ತಪ್ಪುದಿಲ್ಲ" ಎಂದರು.

ಇನ್ನು ಮಳೆ. ದಿನಾ ಮಧ್ಯಾಹ್ನ ಹೇಳದೆ ಕೇಳದೆ ಸುರಿಯುವ ಊರಿನಲ್ಲಿ ಚಾವಣಿಯಿಲ್ಲದ ಕಾರು! ಒಮ್ಮೆ ಸ್ನೇಹಿತರೊಬ್ಬರ ಕಾಂಡೋ ಅಪಾರ್ಟ್‌ಮೆಂಟಿನಲ್ಲಿ ಸತ್ಯನಾರಾಯಣ ಪೂಜೆ. ಪ್ರಸಾದದ ಹೊಣೆ ಅಕ್ಕನದು. ಅಕ್ಕ ಎಂಆರ್‌ಟಿಯಲ್ಲಿ ಹೋದಳು. ಸಜ್ಜಿಗೆಯ ಪಾತ್ರೆ ಭಾವನ ಪಕ್ಕದ ಸೀಟಿನಲ್ಲಿ ಬೆಲ್ಟ್ ಕಟ್ಟಿಸಿಕೊಂಡು ಹೊರಟಿತು. ದಾರಿಯಲ್ಲಿ ಮಳೆ. ಭಾವ ರೇನ್‌ಕೋಟು ತೊಟ್ಟರು, ತಮ್ಮ ಇನ್ನೊಂದು ಹೆಲ್ಮೆಟನ್ನು ಪಾತ್ರೆಯ ಮೇಲೆ ಕವುಚಿದರು. ಕಾಂಡೋ ಗೇಟಿನಲ್ಲಿ, ತೊಪ್ಪೆಯಾದ ರೇನ್‌ಕೋಟಿನಲ್ಲಿ ಹೆಲ್ಮೆಟ್ ಧರಿಸಿ ಪಾತ್ರೆ ಹಿಡಿದು ನಿಂತವರನ್ನು ಸೆಕ್ಯುರಿಟಿ ಅಂಕಲ್ ಒಂದೇ ಮಾತು ಕೇಳಿದರು:

"ಫುಡ್ ಡೆಲಿವರಿ? ವಿಚ್ ಬ್ಲಾಕ್?"

ಭಾವ ವಾದ ಮಾಡಲಿಲ್ಲ. ಡೆಲಿವರಿಯವರ ಲಿಫ್ಟಿನಲ್ಲೇ ಬಂದರು. ಪೂಜೆಗೆ ಬಂದಿದ್ದ ಹೊಸಬರೊಬ್ಬರು ಬಾಗಿಲು ತೆಗೆದು, ಪಾತ್ರೆ ಇಸಿದುಕೊಂಡು, ಥ್ಯಾಂಕ್ಯೂ ಹೇಳಿ, ಬಾಗಿಲು ಹಾಕಿಕೊಂಡರು! ಹತ್ತು ನಿಮಿಷದ ಮೇಲೆ ಅಕ್ಕ "ಇವರೆಲ್ಲಿ?" ಎಂದು ಹುಡುಕಿಕೊಂಡು ಹೋಗದಿದ್ದರೆ, ಭಾವ ಪ್ರಸಾದವಿಲ್ಲದೆ ವಾಪಸು ಹೋಗುತ್ತಿದ್ದರೋ ಏನೋ.

ಬೋಲ್ಟಿನ ಕಥೆ ಹೇಳದಿದ್ದರೆ ಅಕ್ಕ ನನ್ನನ್ನು ಸುಮ್ಮನೆ ಬಿಡುವುದಿಲ್ಲ. ಕೈಯಲ್ಲೇ ಜೋಡಿಸಿದ ಕಾರಾದ್ದರಿಂದ ಅದರ ಬೋಲ್ಟುಗಳು ಆಗಾಗ ಸಡಿಲವಾಗುತ್ತಿದ್ದವು. ಪ್ರತಿ ಭಾನುವಾರ ಭಾವ ಹಳೆಯ ಚಾಪೆ ಹಾಸಿ, ಒಂದೊಂದನ್ನೂ ಬಿಗಿಮಾಡಿ, ಪುಸ್ತಕದಲ್ಲಿ ಟಿಕ್ ಹಾಕುತ್ತಿದ್ದರು. ಒಂದು ಭಾನುವಾರ ಎಲ್ಲ ಮುಗಿಸಿ ಉಪಕರಣಗಳ ಪೆಟ್ಟಿಗೆ ಎತ್ತಿಕೊಂಡು ಮನೆಗೆ ಬಂದರೆ, ಪೆಟ್ಟಿಗೆಯಲ್ಲಿ ಒಂದು ಬೋಲ್ಟು ಜಾಸ್ತಿ! ಬೇರೆಯವರಾಗಿದ್ದರೆ ಎತ್ತಿ ಡಬ್ಬಿಗೆ ಹಾಕುತ್ತಿದ್ದರು. ಭಾವ ಕಾರು ಓಡಿಸುವುದನ್ನೇ ನಿಲ್ಲಿಸಿದರು. ಮೂರು ವಾರ ಅದನ್ನು ಬಿಚ್ಚಿ ಮತ್ತೆ ಜೋಡಿಸಿದರು. ಊಟದ ತಟ್ಟೆಯ ಪಕ್ಕದಲ್ಲೂ ಆ ಬೋಲ್ಟು. ಆಫೀಸಿಗೆ ಹೋಗುವಾಗ ಜೇಬಿನಲ್ಲೂ ಅದೇ ಬೋಲ್ಟು.

ಅಷ್ಟರಲ್ಲಿ ಅಕ್ಕ ಅಡುಗೆಮನೆಯಿಂದ ಕೂಗಿದಳು: "ರೀ, ಮೂರು ವಾರದಿಂದ ಹೇಳ್ತಿದೀನಿ, ಕುಕ್ಕರಿನ ಹಿಡಿ ಅಲ್ಲಾಡ್ತಿದೆ. ನಿಮ್ಮ ಟೂಲ್ ಬಾಕ್ಸಲ್ಲಿ ಹಾಕಿಟ್ಟಿದ್ದೆ ಅದರ ಬೋಲ್ಟು, ನೋಡಿದ್ರಾ?"

ಭಾವ ಜೇಬಿನಿಂದ ಬೋಲ್ಟು ತೆಗೆದು, ಕುಕ್ಕರಿನ ಹಿಡಿಗೆ ಬಿಗಿದು, ಪುಸ್ತಕದಲ್ಲಿ ಟಿಕ್ ಹಾಕಿದರು.

ಇಷ್ಟರಲ್ಲಿ ಕಾರಿನ ಆಯುಸ್ಸು ಮುಗಿಯುತ್ತ ಬಂತು. ಈ ಊರಿನಲ್ಲಿ ಕಾರು ಇಟ್ಟುಕೊಳ್ಳಲು ಸಿಒಇ ಎಂಬ ಪರವಾನಗಿ ಬೇಕು. ಹತ್ತು ವರ್ಷಕ್ಕೆ ಅದು ಮುಗಿಯುತ್ತದೆ; ಈ ಕಾರು ಭಾವನ ಕೈಗೆ ಬರುವಾಗಲೇ ಆರು ವರ್ಷ ಕಳೆದಿತ್ತು. ಮತ್ತೆ ಮಾಡಿಸಬೇಕೆಂದರೆ ನಮ್ಮೂರಿನಲ್ಲೊಂದು ಸೈಟು ಮಾರಬೇಕು. "ಸೈಟಾ, ತೊಟ್ಟಿನಾ, ನೀವೇ ಹೇಳಿ" ಎಂದಳು ಅಕ್ಕ. ಭಾವ ಮಾರಾಟದ ಜಾಹೀರಾತು ಬರೆಯಲು ಕೂತರು.

ಸೇಫ್ಟಿ ಆಫೀಸರ್ ಬರೆದ ಜಾಹೀರಾತು ಹೇಗಿರುತ್ತದೆ? ಬಾಗಿಲು ಇಲ್ಲ. ಚಾವಣಿ ಇಲ್ಲ. ರೇಡಿಯೋ ಇಲ್ಲ, ಇದ್ದರೂ ಕೇಳಿಸುವುದಿಲ್ಲ. ಬೆನ್ನುನೋವು ಇರುವವರು ಫೋನ್ ಮಾಡಬೇಡಿ. ಎಡಗಡೆಯ ಪೈಪ್ ಸುಡುತ್ತದೆ, ಇಳಿಯುವಾಗ ಕಾಲು ತಾಗಿಸಬೇಡಿ. ಕೊನೆಗೆ, ದಪ್ಪ ಅಕ್ಷರದಲ್ಲಿ: ಚೆನ್ನಾಗಿ ಯೋಚಿಸಿ.

ಇಷ್ಟಾದರೂ ಜನ ಬಂದರು! ಬಂದವರನ್ನು ಭಾವ, ಮಗಳಿಗೆ ಗಂಡು ನೋಡುವಂತೆ ನೋಡಿದರು. ಬ್ಯಾಂಕಿನಲ್ಲಿ ಕೆಲಸ ಮಾಡುವವನೊಬ್ಬ "ಏರ್‌ಕಾನ್ ಇದೆಯಾ?" ಎಂದು ಕೇಳಿ ಅಲ್ಲೇ ನಪಾಸಾದ. ಇನ್ನೊಬ್ಬ ಜೀಬ್ರಾ ಕ್ರಾಸಿಂಗ್ ಬಿಟ್ಟು ರಸ್ತೆ ದಾಟಿ ಬಂದನೆಂದು, ಅವನು ಈ ದಡ ಮುಟ್ಟುವ ಮೊದಲೇ ತಿರಸ್ಕೃತನಾದ. ಮೂರನೆಯವನು ಚಪ್ಪಲಿಯಲ್ಲಿ ಟೆಸ್ಟ್ ಡ್ರೈವ್ ಕೇಳಿದ. "ಶೂ ಹಾಕಿ ಬನ್ನಿ" ಎಂದು ಕಳಿಸಿದರು. ಅವನು ಮತ್ತೆ ಬರಲಿಲ್ಲ. ಕೊನೆಗೆ ಒಬ್ಬ ಚೀನೀ ನರ್ಸ್ ಬಂದಳು. ನಲವತ್ತು ದಾಟಿದವಳು. ತನ್ನದೇ ಹೆಲ್ಮೆಟ್ ತಂದಿದ್ದಳು. ಟಾರ್ಚ್ ಹಿಡಿದು ಕಾರಿನ ಕೆಳಗೆ ಮಲಗಿ ಅರ್ಧ ಗಂಟೆ ಬೋಲ್ಟುಗಳನ್ನು ನೋಡಿದಳು. ಹೊಸ ಸಿಒಇ ತಾನೇ ಮಾಡಿಸಿಕೊಳ್ಳುತ್ತೇನೆ ಎಂದಳು. ಭಾವ ಅಕ್ಕನ ಕಡೆ ತಿರುಗಿ, ತುಂಬಾ ದೊಡ್ಡ ಮನೆತನದ ಸಂಬಂಧ ಕುದುರಿದವರ ದನಿಯಲ್ಲಿ, "ಆಗಬಹುದು" ಎಂದರು.

ಮುಂದಿನ ಶನಿವಾರ ಅವಳು ಬಂದು ಕಾರು ಒಯ್ದಳು. ಅಕ್ಕ ಅರಿಶಿನ ಕುಂಕುಮ ಕೊಟ್ಟು ಕಳಿಸಿದಳು.

ನಗಿಸುವುದಷ್ಟೇ ಉದ್ದೇಶವಾಗಿದ್ದರೆ ನಾನು ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಅದರ ಹಿಂದಿನ ದಿನ, ಶುಕ್ರವಾರ, ಒಂದು ಸಂಗತಿ ನಡೆಯಿತು.

ಅಂದು ಬೆಳಿಗ್ಗೆ ಹನ್ನೊಂದಕ್ಕೆ ಜುರಾಂಗ್ ಈಸ್ಟಿನ ನನ್ನ ಆಫೀಸಿನಲ್ಲಿ ನನ್ನನ್ನು ಸಣ್ಣ ಮೀಟಿಂಗ್ ರೂಮಿಗೆ ಕರೆದರು. ಮೇಜಿನ ಮೇಲೆ ಟಿಶ್ಯೂ ಡಬ್ಬಿ ಮೊದಲೇ ಇಟ್ಟಿದ್ದರು. ಹನ್ನೆರಡು ವರ್ಷದ ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತು. ನಾನು ಟಿಶ್ಯೂ ಮುಟ್ಟಲಿಲ್ಲ. ನನ್ನ ಕಪ್ಪನ್ನು ಬ್ಯಾಗಿಗೆ ಹಾಕಿಕೊಂಡು, ಎಲ್ಲರಿಗೂ ನಕ್ಕು ಹೊರಗೆ ಬಂದೆ. ಅಳಬೇಕಿತ್ತು. ಎಲ್ಲಿ ಅಳುವುದು? ಆಫೀಸಿನ ಗೋಡೆಗಳೆಲ್ಲ ಗಾಜು. ಎಂಆರ್‌ಟಿಯಲ್ಲಿ ಎದುರಿಗೆ ನೂರು ಮುಖ. ಮನೆಯಲ್ಲಿ ಮಗಳು ಪರೀಕ್ಷೆಗೆ ಓದುತ್ತಿದ್ದಾಳೆ. ಆ ಫ್ಲಾಟಿನಲ್ಲಿ ಬಚ್ಚಲಲ್ಲಿ ಸೀನಿದರೂ ಅಡುಗೆಮನೆಗೆ ಕೇಳುತ್ತದೆ. ಅಕ್ಕನಿಗೆ ಫೋನ್ ಮಾಡಿದೆ. ಅವಳು ಕೆಲಸದಲ್ಲಿದ್ದಳು. "ಅಲ್ಲೇ ಇರು, ಇವರು ಇವತ್ತು ರಜೆ ಹಾಕಿ ಕಾರು ತೊಳೀತಿದಾರೆ, ಕಳಿಸ್ತೀನಿ" ಎಂದಳು.

ಭಾವ ಬಂದರು. ಹೆಲ್ಮೆಟ್ ಕೊಟ್ಟರು, ಬೆಲ್ಟ್ ತಾವೇ ಬಿಗಿದರು. ಮಾತಾಡಿದರೂ ಕೇಳಿಸದ ಕಾರು. ಸೆರಂಗೂನ್ ದಾರಿ ಬಿಟ್ಟು ಅವರು ಎಕ್ಸ್‌ಪ್ರೆಸ್‌ವೇಯ ಉದ್ದನೆಯ ಸುರಂಗದ ಕಡೆ ತಿರುಗಿಸಿದರು. ಸುರಂಗದೊಳಗೆ ಹೊಕ್ಕೊಡನೆ ಎಂಜಿನ್ನಿನ ಸದ್ದು ಗೋಡೆಗೆ ಬಡಿದು ಹತ್ತು ಪಟ್ಟಾಯಿತು. ಭಾವ ರಸ್ತೆಯಿಂದ ಕಣ್ಣು ತೆಗೆಯದೆ ಕಿರುಚಿದರು:

"ಇನ್ನು ಕೂಗು!"

"ಏನು?"

"ಕೂಗು ಮಾರಾಯ್ತಿ! ಯಾರಿಗೂ ಕೇಳುದಿಲ್ಲ!"

ನಾನು ಮೈಸೂರಿನವಳು. ಕೂಗು ಎಂದರೆ ಕೂಗಿದೆ, ಗಂಟಲು ಹರಿಯುವ ಹಾಗೆ. ಅವರ ಊರಿನಲ್ಲಿ ಕೂಗುವುದೆಂದರೆ ಅಳುವುದು ಎಂದು ನೆನಪಾಗುವ ಹೊತ್ತಿಗೆ ನನ್ನ ಕೂಗು ಹೇಗೂ ಅಳುವೇ ಆಗಿತ್ತು. ಸುರಂಗ ಮುಗಿಯುವವರೆಗೂ ಅತ್ತೆ.

ಹೊರಗೆ ಬಂದ ಮೇಲೆ, ತಿಂಡಿ ಅಂಗಡಿಗಳು ಸಾಲಾಗಿರುವ ಒಂದು ಹಾಕರ್ ಸೆಂಟರಿನ ಬಳಿ ನಿಲ್ಲಿಸಿ, ಇಲ್ಲಿಯವರು ಕೋಪಿ ಎನ್ನುವ ಕಾಫಿ ಎರಡು ಲೋಟ ತಂದರು. "ಇನ್ನೊಂದು ಕೆಲಸ ಸಿಕ್ಕೀತು" ಎಂದು ಹೇಳಲಿಲ್ಲ. (ಸಿಕ್ಕಿತು, ಎರಡು ತಿಂಗಳಿಗೆ.) ಲೋಟ ನೋಡುತ್ತಾ ಅಂದರು:

"ನಾನು ಇದನ್ನು ತಗೊಂಡ ವರ್ಷ ಯಾರ್ಡಿನಲ್ಲಿ ಒಬ್ಬ ವೆಲ್ಡರ್ ಮೇಲಿಂದ ಬಿದ್ದು ತೀರಿಹೋದ. ತಂಜಾವೂರಿನವ. ದಿನಾ ಬೆಳಿಗ್ಗೆ ನನಗೆ ನಮಸ್ಕಾರ ಹೇಳ್ತಿದ್ದ. ನಿಮ್ಮದೇನೂ ತಪ್ಪಿಲ್ಲ ಅಂತ ಎಲ್ಲರೂ ಹೇಳಿದ್ರು, ಬರೆದೂ ಕೊಟ್ರು. ಆದರೆ ನಾನು ಮನೆಯಲ್ಲಿ ಹೇಗೆ ಕೂಗುದು? ನಿನ್ನ ಅಕ್ಕ ಹೆದರ್ತಾಳೆ. ಅದಕ್ಕೇ ಭಾನುವಾರ ಈ ಸುರಂಗಕ್ಕೆ ಬರ್ತಿದ್ದೆ. ನಾಲ್ಕು ವರ್ಷ ಬಂದೆ."

ಕೋಪಿ ಆರಿಹೋಗಿತ್ತು. ಮಧ್ಯಾಹ್ನದ ಊಟಕ್ಕೆ ಜನ ಸೇರತೊಡಗಿದ್ದರು, ನಾವು ಎದ್ದೆವು.

ಕಾರಿನ ಹತ್ತಿರ ಬಂದಾಗ ನಾನೇ ಕೇಳಿದೆ: "ಭಾವ, ಇನ್ನೊಂದು ರೌಂಡ್ ಹೋಗೋಣ್ವಾ?"

ಹೋದೆವು. ಈ ಸಲ ಸುರಂಗದೊಳಗೆ ಕೂಗಿದವರು ಅವರು. ನಾನು ಬೆಲ್ಟ್ ಹಿಡಿದುಕೊಂಡು ಸೀದಾ ಮುಂದೆ ನೋಡುತ್ತಾ ಕೂತಿದ್ದೆ. ನನಗೆ ಏನೂ ಕೇಳಿಸಲಿಲ್ಲ.